ಎಲೆಗೆ ಎಷ್ಟು ಬಿತ್ತು?

ಪ್ರಾಂಶುಪಾಲರೇ, ಅಧ್ಯಾಪಕ ಮಿತ್ರರೇ, ಪೋಷಕರೇ, ಮತ್ತು ಬರುವ ವರ್ಷ ಸಿಂಗಪುರದ ಅಧ್ಯಯನ ಪ್ರವಾಸಕ್ಕೆ ಹೊರಡಬೇಕೆಂದು ಈಗಲೇ ಪಾಸ್‌ಪೋರ್ಟಿಗೆ ಅರ್ಜಿ ಹಾಕಿರುವ ಹೋಟೆಲ್ ಮ್ಯಾನೇಜ್‌ಮೆಂಟ್ ವಿದ್ಯಾರ್ಥಿಗಳೇ,

ನಿಮ್ಮ ಪ್ರವಾಸ ಸಮಿತಿಯವರು ನನ್ನನ್ನು ಕರೆಯಲು ಮನೆಗೆ ಬಂದಾಗ ಅವರ ಒಂದು ಕೈಯಲ್ಲಿ ಆಮಂತ್ರಣ ಪತ್ರಿಕೆ, ಇನ್ನೊಂದು ಕೈಯಲ್ಲಿ ರಸೀದಿ ಪುಸ್ತಕ ಇತ್ತು. ಉಪನ್ಯಾಸ ಮಾಡುವವನಿಗೆ ಸಂಭಾವನೆ ಕೊಡುವ ಬದಲು ಅವನಿಂದಲೇ ದೇಣಿಗೆ ಪಡೆಯುವ ಈ ಜಾಣತನವನ್ನು ನಾನು ಮನಸಾರೆ ಮೆಚ್ಚಿದೆ. ಆದರೆ ಆ ರಸೀದಿ ಪುಸ್ತಕವೇ ಇಂದು ನನ್ನ ತಕರಾರಿನ ವಿಷಯ. ಮುನ್ನೂರು ಜನರಿಗೆ ಒಂದೇ ಹೊತ್ತಿನಲ್ಲಿ ಊಟ ಹಾಕಲು ಕಲಿಯುತ್ತಿರುವವರು ಪ್ರವಾಸದ ಖರ್ಚಿಗೆಂದು ಅಂಗಡಿ ಅಂಗಡಿ ತಿರುಗಿ ಕೈಯೊಡ್ಡುವುದು ನನಗೆ ಸರಿಕಾಣುವುದಿಲ್ಲ. ಕೊಡುವವರು ಕೊಡಲಿ, ಬೇಡವೆನ್ನುವುದಿಲ್ಲ. ಆದರೆ ಅವರು ಕೊಟ್ಟ ಹಣಕ್ಕೆ ಪ್ರತಿಯಾಗಿ ಅವರ ಎಲೆಯ ಮೇಲೆ ಏನಾದರೂ ಬಿದ್ದಿರಬೇಕು.

ವಿದೇಶ ಪ್ರವಾಸ ಎಂದೊಡನೆ ನನಗೆ ಯಾವಾಗಲೂ ನೆನಪಾಗುವುದು ನಮ್ಮದೇ ಕೋಟ ಸೀಮೆಯ ಪಾರಂಪಳ್ಳಿಯ ಮಯ್ಯ ಸಹೋದರರು. 1924ರಲ್ಲಿ ಬೆಂಗಳೂರಿನಲ್ಲಿ ಅವರು ಆರಂಭಿಸಿದ ಪುಟ್ಟ ಹೋಟೆಲು ಮುಂದೆ 1960ರಲ್ಲಿ ಮಾವಳ್ಳಿ ಟಿಫಿನ್ ರೂಮ್ಸ್ ಎಂಬ ಹೆಸರು ಪಡೆದು ಎಂಟಿಆರ್ ಆದ ಕಥೆ ಈ ಸಭೆಗೆ ಹೊಸದಲ್ಲ. ಅದರ ನಡುವೆ ಬರುವ 1951ರ ಸಂಗತಿಯನ್ನು ಮಾತ್ರ ನಾವು ಬೇಗ ದಾಟಿಬಿಡುತ್ತೇವೆ. ಆ ವರ್ಷ ಸಹೋದರರಲ್ಲೊಬ್ಬರಾದ ಯಜ್ಞನಾರಾಯಣ ಮಯ್ಯರು ಯುರೋಪಿನ ಹೋಟೆಲುಗಳು ಹೇಗೆ ನಡೆಯುತ್ತವೆ ಎಂಬುದನ್ನು ಕಣ್ಣಾರೆ ಕಾಣಲು ಅಲ್ಲಿಗೆ ಹೋದರು. ಇಡ್ಲಿ ದೋಸೆಯ ಹೋಟೆಲಿನವರಿಗೆ ಯುರೋಪಿನಲ್ಲಿ ಏನು ಕೆಲಸ ಎಂದು ಆಗ ಯಾರಾದರೂ ಕೇಳಿದ್ದರೆ ಆಶ್ಚರ್ಯವಿಲ್ಲ. ಹಿಂತಿರುಗಿದವರು ಮುಖ್ಯವಾಗಿ ತಂದದ್ದು ಶುಚಿತ್ವವನ್ನು, ಶಿಸ್ತನ್ನು. ತಟ್ಟೆ ಲೋಟಗಳನ್ನು ಆವಿಯಲ್ಲಿ ಶುದ್ಧಮಾಡುವ ಪದ್ಧತಿಯನ್ನು ತಮ್ಮ ಹೋಟೆಲಿನಲ್ಲಿ ಜಾರಿಗೆ ತಂದರು, ಶುಚಿತ್ವದ ಬಗ್ಗೆ ಕಿರುಹೊತ್ತಿಗೆಗಳನ್ನು ಹಂಚಿದರು. ಅಷ್ಟು ದೂರ ಹೋಗಿ ಪಾತ್ರೆ ತೊಳೆಯುವ ಜಾಗವನ್ನು ನೋಡಿ ಬಂದ ಆ ಕಣ್ಣು ನಿಮಗೂ ಬರಲಿ ಎಂಬುದು ನನ್ನ ಆಸೆ. ಸಿಂಗಪುರದ ಹಾಕರ್ ಸಂಸ್ಕೃತಿಯನ್ನು, ಅಂದರೆ ಅಗ್ಗದ ಊಟ ತಿಂಡಿ ಮಾರುವ ಪುಟ್ಟ ಅಂಗಡಿಗಳ ಸಂಸ್ಕೃತಿಯನ್ನು, ಯುನೆಸ್ಕೋ 2020ರಲ್ಲಿ ತನ್ನ ಅಮೂರ್ತ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿತು. ಬೀದಿಬದಿಯ ವ್ಯಾಪಾರಿಗಳನ್ನು ನೀರು, ಚರಂಡಿ, ಸೂರು ಇರುವ ಕಟ್ಟಡಗಳಿಗೆ ತಂದು ಕೂರಿಸಿದ ಆ ಊರಿನಲ್ಲಿ, 2021ರಿಂದೀಚೆಗೆ ಉಂಡ ತಟ್ಟೆಯನ್ನು ಗಿರಾಕಿಯೇ ಒಯ್ದು ಇಡಬೇಕೆಂಬ ನಿಯಮವೂ ಇದೆ. ಅಲ್ಲಿಯ ನೂಡಲ್ಸಿನ ಫೋಟೋ ಎಲ್ಲರೂ ತೆಗೆಯುತ್ತಾರೆ. ಆ ತಟ್ಟೆಗಳು ಎಲ್ಲಿಗೆ ಹೋಗುತ್ತವೆ, ಯಾರು ತೊಳೆಯುತ್ತಾರೆ, ಅದರ ಖರ್ಚನ್ನು ಅಷ್ಟು ಅಂಗಡಿಗಳು ಹೇಗೆ ಹಂಚಿಕೊಳ್ಳುತ್ತವೆ ಎಂಬುದನ್ನು ನೀವು ನೋಡಿ ಬನ್ನಿ.

ಇನ್ನು ಹಣದ ಮಾತು. ನಾನು ವಿದ್ಯಾರ್ಥಿಯಾಗಿದ್ದಾಗ ನಾವೂ ಪ್ರವಾಸಕ್ಕೆ ಹಣ ಕೂಡಿಸಲು ಹೊರಟಿದ್ದೆವು. ಊರಿನಲ್ಲಿ ಇಡೀ ರಾತ್ರಿಯ ಬಯಲಾಟವಿದ್ದ ದಿನ ಹನ್ನೊಂದು ಮಂದಿ ಸೇರಿ ಗೋಳಿಬಜೆಯ ಅಂಗಡಿ ಹಾಕಿದೆವು. ಚೌಕಿಯಲ್ಲಿ ವೇಷಧಾರಿಗಳು ಬಣ್ಣ ಹಚ್ಚಲು ಕುಳಿತಾಗ ಎಣ್ಣೆಗೆ ಇಳಿದ ಹಿಟ್ಟು ಮಂಗಳ ಹಾಡುವವರೆಗೂ ಇಳಿಯುತ್ತಲೇ ಇತ್ತು. ಬೆಳಗಿನ ಜಾವ ಚಿಲ್ಲರೆಯ ಡಬ್ಬಿಯನ್ನು ಇಬ್ಬರು ಹೊತ್ತುಕೊಂಡು ಬಂದೆವು. ಆ ಉತ್ಸಾಹದಲ್ಲಿ ಒಬ್ಬನಂತೂ ವಿಮಾನದಲ್ಲೇ ಹೋಗೋಣ ಎಂದುಬಿಟ್ಟ. ಮಧ್ಯಾಹ್ನ ಎದ್ದು ಲೆಕ್ಕಕ್ಕೆ ಕುಳಿತಾಗ ಮೈದಾ, ಎಣ್ಣೆ, ಗ್ಯಾಸ್, ಬಾಡಿಗೆಯ ಬಾಣಲೆ, ರಿಕ್ಷಾ, ಇವೆಲ್ಲವನ್ನೂ ಕಳೆದು ಉಳಿದದ್ದು 112 ರೂಪಾಯಿ. ಅದರಲ್ಲಿ ಕಳೆದುಹೋದ ಜಾಲರಿ ಸಟ್ಟುಗಕ್ಕೆಂದು ಬಾಡಿಗೆಯವರು 70 ರೂಪಾಯಿ ಹಿಡಿದುಕೊಂಡರು. ಮೊಸರು ಗೆಳೆಯನ ಮನೆಯಿಂದ ಬಂದದ್ದರಿಂದ ಅದನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಸಂಜೆ ಅವನ ತಾಯಿ ಬಂದು, "ಮಕ್ಕಳೇ, ಮೊಸರಿನ ಪಾತ್ರೆಯನ್ನಾದರೂ ವಾಪಸು ಕೊಡಿ" ಎಂದಾಗ ನಮ್ಮ ಪ್ರವಾಸ ಊರಿನ ಗಡಿ ದಾಟದೆ ಮುಗಿಯಿತು. ನಮ್ಮ ಮೇಷ್ಟ್ರು ಬೈಯಲಿಲ್ಲ. ಒಂದೇ ಪ್ರಶ್ನೆ ಕೇಳಿದರು: "ಎಲೆಗೆ ಎಷ್ಟು ಬಿತ್ತು?" ಅಂದರೆ ಒಬ್ಬೊಬ್ಬರಿಗೆ ಬಡಿಸಲು ತಗಲಿದ ಖರ್ಚು ಎಷ್ಟು ಎಂದು. ನಮ್ಮ ಹನ್ನೊಂದು ಜನರಲ್ಲಿ ಒಬ್ಬನ ಬಳಿಯೂ ಉತ್ತರವಿರಲಿಲ್ಲ.

ಆ ಪ್ರಶ್ನೆಯನ್ನೇ ಹಿಡಿದು ನಿಮ್ಮ ಲೆಕ್ಕ ಹಾಕೋಣ. ಇವು ಊಹೆಯ ಅಂಕಿಗಳು. ನಿಜವಾದ ದರ ಪಡೆದು ನೀವೇ ತಿದ್ದಿಕೊಳ್ಳಿ. ತಲೆಗೆ 80,000 ರೂಪಾಯಿಯಂತೆ 30 ಜನರಿಗೆ 24 ಲಕ್ಷ. ಅರ್ಧವನ್ನು ಮನೆಯವರು ಕೊಟ್ಟರೂ ಅಡುಗೆಮನೆಯಿಂದ 12 ಲಕ್ಷ ಹುಟ್ಟಬೇಕು. ಒಂದು ಪ್ಲೇಟು ಗೋಳಿಬಜೆಗೆ ಎಲ್ಲ ಖರ್ಚು ಕಳೆದು 25 ರೂಪಾಯಿ ಉಳಿದರೆ 48,000 ಪ್ಲೇಟು ಮಾರಬೇಕಾಗುತ್ತದೆ. ಅಷ್ಟು ಕರಿಯುವ ಹೊತ್ತಿಗೆ ನಿಮ್ಮ ಡಿಗ್ರಿ ಮುಗಿದು ಮದುವೆಯೂ ಆಗಿರುತ್ತದೆ. ಅದೇ 500 ರೂಪಾಯಿಯ ಕೂಪನ್ ಮಾಡಿ 250 ಎಲೆಯ ಔತಣ ಏರ್ಪಡಿಸಿ, ಎಲೆಗೆ 200 ಬಿದ್ದು 300 ಉಳಿದರೆ ಒಂದು ರಾತ್ರಿಗೆ 75,000. ವರ್ಷಕ್ಕೆ ಆರು ಔತಣಗಳಾದರೆ ನಾಲ್ಕೂವರೆ ಲಕ್ಷ. ಆಟಿ ತಿಂಗಳಲ್ಲಿ ಪತ್ರೊಡೆ, ಅಷ್ಟಮಿಗೆ ಉಂಡೆ ಚಕ್ಕುಲಿ, ದೀಪಾವಳಿಗೆ ಸಿಹಿಯ ಡಬ್ಬ, ಕ್ರಿಸ್ಮಸ್‌ಗೆ ಕುಸ್ವಾರ್ ತಿಂಡಿಗಳು ಎಂದು ಮುಂಗಡ ಹಣ ಪಡೆದು ಮಾಡುವ ಕೆಲಸವನ್ನು ನಾನು ಇನ್ನೂ ಹೆಚ್ಚು ನಂಬುತ್ತೇನೆ, ಏಕೆಂದರೆ ಅಲ್ಲಿ ಉಳಿದು ಹಾಳಾಗುವ ಪ್ರಶ್ನೆಯಿಲ್ಲ; ಡಬ್ಬಕ್ಕೆ 150 ಉಳಿದರೂ 2,000 ಡಬ್ಬಗಳಿಗೆ 3 ಲಕ್ಷ. ಆದರೆ ಕಾಲೇಜಿನ ಗ್ಯಾಸು, ಕಾಲೇಜಿನ ಕರೆಂಟು, ನಿಮ್ಮ ದುಡಿಮೆಯ ಗಂಟೆಗಳು ಪುಕ್ಕಟೆ ಎಂದು ಬರೆಯದಿರಿ. ಹಾಗೆ ಬರೆದರೆ ಎಲೆಗೆ ಎಷ್ಟು ಬಿತ್ತು ಎಂಬುದು ಗೊತ್ತಾಗುವುದೇ ಇಲ್ಲ, ಮತ್ತೆ ಮೊಸರಿನ ಪಾತ್ರೆಯ ಕಥೆಯೇ ಆಗುತ್ತದೆ.

ಖರ್ಚನ್ನು ಇಳಿಸುವ ದಾರಿಯನ್ನು ನಮ್ಮ ಊರು ಎಂದೋ ಕಂಡುಕೊಂಡಿದೆ. ಉಡುಪಿಯಲ್ಲಿ ಎರಡು ವರ್ಷಕ್ಕೊಮ್ಮೆ ಜನವರಿ 18ರಂದು ಪರ್ಯಾಯ ಬರುತ್ತದೆ, ಅಂದರೆ ಕೃಷ್ಣಮಠದ ಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದು ಮಠಕ್ಕೆ ಹೋಗುತ್ತದೆ. ಆದರೆ ಅದರ ಊಟದ ಸಿದ್ಧತೆ ಶುರುವಾಗುವುದು ಸುಮಾರು ಒಂದು ವರ್ಷ ಮೊದಲೇ, ಬಾಳೆ ಮುಹೂರ್ತದಿಂದ. ಮೊದಲು ಬಾಳೆಯ ಕಂದು ನೆಡುತ್ತಾರೆ. ಆಮೇಲೆ ಅಕ್ಕಿ ಮುಹೂರ್ತ, ಕಟ್ಟಿಗೆ ಮುಹೂರ್ತ, ಭತ್ತ ಮುಹೂರ್ತ. ಎಲೆ ಬೇಕಾದರೆ ಇಂದು ಗಿಡ ನೆಡಬೇಕು ಎಂಬ ಈ ಮುಂದಾಲೋಚನೆಗಿಂತ ದೊಡ್ಡ ಪಾಠ ಕ್ಯಾಟರಿಂಗ್ ತರಗತಿಯಲ್ಲಿ ನನಗೆ ಸಿಕ್ಕಿಲ್ಲ. ಅಲ್ಲಿಗೆ ಊರೂರುಗಳಿಂದ ಹೊರೆಕಾಣಿಕೆ ಬರುತ್ತದೆ: ಅಕ್ಕಿ, ತೆಂಗಿನಕಾಯಿ, ತರಕಾರಿ, ಬೆಲ್ಲ. ನಿಮ್ಮ ರಸೀದಿ ಪುಸ್ತಕಕ್ಕೆ 500 ರೂಪಾಯಿ ಬರೆಯಲು ಹಿಂಜರಿಯುವ ಮನೆಯವರು ಹಿತ್ತಲಿನ ಇಪ್ಪತ್ತು ತೆಂಗಿನಕಾಯಿಯನ್ನು ನಗುನಗುತ್ತಾ ಕೊಡುತ್ತಾರೆ. ಅದನ್ನು ಮಾರುಕಟ್ಟೆಯ ದರದಲ್ಲಿ ಲೆಕ್ಕಕ್ಕೆ ತನ್ನಿ, ಕೊಟ್ಟವರ ಹೆಸರನ್ನು ಔತಣದ ದಿನ ಬಾಗಿಲಲ್ಲಿ ಬರೆದು ಹಾಕಿ. ದೇಣಿಗೆ ಬೇಡ ಎಂದವನೇ ಕಾಯಿ ಕೇಳಲು ಹೇಳುತ್ತಿದ್ದಾನಲ್ಲ ಎಂದು ಹಿಂದಿನ ಸಾಲಿನಲ್ಲಿ ಯಾರೋ ನಗುತ್ತಿದ್ದೀರಿ. ಆ ಕಾಯಿ ಪಾಯಸವಾಗಿ ಕೊಟ್ಟವರ ಎಲೆಗೇ ಮರಳುತ್ತದೆ, ನನ್ನ ತಕರಾರು ಅಲ್ಲಿಗೆ ತೀರಿತು.

ಕಾನೂನಿನ ಕೆಲವು ಮಾತುಗಳನ್ನು ಹೇಳಲೇಬೇಕು, ಏಕೆಂದರೆ ಸಮಿತಿಯ ಪಟ್ಟಿಯಲ್ಲಿ "ಕಂಪನಿಗಳಿಗೆ ಸಿಎಸ್ಆರ್ ಪತ್ರ" ಎಂಬ ಸಾಲನ್ನು ನೋಡಿದೆ. 2013ರ ಕಂಪನಿ ಕಾಯ್ದೆಯ ಸಿಎಸ್ಆರ್ ಹಣವನ್ನು, ಅಂದರೆ ಕಂಪನಿಗಳು ಸಮಾಜದ ಕೆಲಸಕ್ಕೆಂದು ತೆಗೆದಿಡುವ ಹಣವನ್ನು, ಭಾರತದ ಹೊರಗೆ ನಡೆಯುವ ಚಟುವಟಿಕೆಗೆ ಬಳಸುವಂತಿಲ್ಲ. ಕ್ರೀಡಾಪಟುಗಳ ತರಬೇತಿಗೆ ವಿನಾಯಿತಿ ಇದೆ, ಬಾಣಸಿಗರಿಗೆ ಇಲ್ಲ. ಆದ್ದರಿಂದ ಆ ಪತ್ರಗಳ ಅಂಚೆ ಖರ್ಚನ್ನು ಉಳಿಸಿ, ಅದೇ ಕಂಪನಿಗೆ ಹಬ್ಬದ ಸಿಹಿ ಡಬ್ಬಗಳನ್ನು ಮಾರಿ. ಲಕ್ಕಿ ಡಿಪ್ ಕೂಪನ್ ಎಂಬ ಸಾಲನ್ನೂ ಹೊಡೆದುಹಾಕಿ. 2007ರಿಂದ ಲಾಟರಿಯನ್ನು ನಿಷೇಧಿಸಿರುವ ರಾಜ್ಯದಲ್ಲಿ ಕಾಲೇಜಿನ ಹೆಸರಿನಲ್ಲಿ ಅಂಥದ್ದು ಬೇಡ. ಸಿಂಗಪುರದ ಕನ್ನಡಿಗರಿಂದ ಹಣ ತರಿಸುವ ಯೋಚನೆಯೂ ಇದೆಯಂತೆ. ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡವರು ಬ್ಯಾಂಕಿನ ಮೂಲಕ ತಮ್ಮ ಉಳಿತಾಯದಿಂದ ಕೊಡುವುದು ಒಂದು, ಅಲ್ಲಿಯ ಪೌರತ್ವ ಪಡೆದವರು ಅಥವಾ ಅಲ್ಲಿ ನೋಂದಾಯಿತ ಸಂಘ ಕೊಡುವುದು ಇನ್ನೊಂದು. ಎರಡನೆಯದಕ್ಕೆ ವಿದೇಶಿ ವಂತಿಗೆ ಕಾಯ್ದೆ ಅಡ್ಡ ಬರುತ್ತದೆ. ಅವರಿಂದ ಹಣದ ಬದಲು ಒಂದು ದಿನ ಅವರ ಅಡುಗೆಮನೆಯಲ್ಲಿ ಜಾಗ ಕೇಳಿ, ನೀರುದೋಸೆ ಮಾಡಿ ಬಡಿಸಿ ಬನ್ನಿ.

ಅಧ್ಯಕ್ಷರು ಎರಡನೆಯ ಸಲ ಗಡಿಯಾರ ನೋಡಿದರು. ಉಳಿದವನ್ನು ಓಡುತ್ತಾ ಹೇಳುತ್ತೇನೆ. ಹಣಕ್ಕೆ ಪ್ರತ್ಯೇಕ ಖಾತೆ ಇರಲಿ, ಒಬ್ಬ ಅಧ್ಯಾಪಕ, ಒಬ್ಬ ವಿದ್ಯಾರ್ಥಿ, ಇಬ್ಬರ ರುಜುವೂ ಬೇಕು. ಮಧ್ಯದಲ್ಲಿ ಹಿಂದೆ ಸರಿಯುವವರ ದುಡಿಮೆಯ ಪಾಲು ಏನಾಗಬೇಕೆಂದು ಮೊದಲ ಔತಣಕ್ಕೆ ಮುನ್ನವೇ ಬರೆದಿಡಿ. ಜಗಳಗಳೆಲ್ಲ ಹುಟ್ಟುವುದು ಅಲ್ಲಿ. ಆಹಾರ ಸುರಕ್ಷತೆಯ ನೋಂದಣಿ ಮಾಡಿಸಿ, ಮನೆಯ ಸಿಲಿಂಡರ್ ಬಳಸದೆ ವಾಣಿಜ್ಯ ಬಳಕೆಯ 19 ಕೆ.ಜಿ.ಯದ್ದನ್ನೇ ತನ್ನಿ, ಕರಿದ ಎಣ್ಣೆಯನ್ನು ಮರುದಿನಕ್ಕೆ ಎತ್ತಿಡಬೇಡಿ. ಸಾಮಾಜಿಕ ಜಾಲತಾಣದ ಪ್ರಚಾರದ ಬಗ್ಗೆ ನನಗಿಂತ ನಿಮಗೇ ಚೆನ್ನಾಗಿ ಗೊತ್ತು, ಅದನ್ನು ಬಿಟ್ಟೆ.

ರಸೀದಿ ಪುಸ್ತಕದಲ್ಲಿ ನಾನು ಹೆಸರು ಬರೆಯುವುದಿಲ್ಲ. ಮೊದಲ ಔತಣದ ಹತ್ತು ಕೂಪನ್ ನನಗಿರಲಿ, ದುಡ್ಡು ಈಗಲೇ ಕೊಡುತ್ತೇನೆ. ಊಟಕ್ಕೆ ಎಲೆ ಹಾಕಿಯಾಯಿತು ಎಂದು ಬಾಗಿಲಿನಿಂದ ಸನ್ನೆ ಬರುತ್ತಿದೆ. ಇಂದಿನ ಅಡುಗೆಯೂ ನಿಮ್ಮದೇ ಎಂದು ಕೇಳಿದೆ. ಹಾಗಿದ್ದರೆ ನಾನು ಪಾಯಸ ಮುಗಿಸಿ ಕೈತೊಳೆಯಲು ಏಳುವುದರೊಳಗೆ ಯಾರಾದರೊಬ್ಬರು ಬಂದು, ಎಲೆಗೆ ಎಷ್ಟು ಬಿತ್ತು ಎಂದು ಹೇಳಿ. ನಮಸ್ಕಾರ.