ಬೆವರು ಒರೆಸಿಕೊಂಡ ದೇವರು

ಅಧ್ಯಕ್ಷರೇ, ಸಂಘದ ಗೆಳೆಯರೇ, ಹಿಂದಿನ ಸಾಲಿನಲ್ಲಿ ಬಚ್ಚಿಟ್ಟುಕೊಂಡಂತೆ ಕೂತಿರುವ ನನ್ನ ಹಳೆಯ ವಿದ್ಯಾರ್ಥಿಗಳೇ,

ಕಾರ್ಯದರ್ಶಿಗಳು ನನಗೆ ನಲವತ್ತು ನಿಮಿಷ ಕೊಟ್ಟಿದ್ದರು. ಸ್ವಾಗತ, ಹಾರ, ಮೈಕ್ ರಿಪೇರಿ ಅಂತ ಅದರಲ್ಲಿ ಹದಿನೈದು ಹೋಯಿತು. ಹಾಗಾಗಿ ಪೀಠಿಕೆ ಬಿಡ್ತೀನಿ.

ಆಹ್ವಾನ ಪತ್ರಿಕೆ ಕೈಸೇರಿದ ದಿನ ಒಬ್ಬರು ಫೋನ್ ಮಾಡಿದರು. "ಅಲ್ಲಾ ಮೇಷ್ಟ್ರೇ, ಆಯುಧಪೂಜೆಯ ಹಿಂದಿನ ದಿನ ಗ್ರೀಕ್ ದೇವರ ಮೇಲೆ ಉಪನ್ಯಾಸವಾ? ಅದೂ ಸತ್ತುಹೋದ ದೇವರು! ಅವನಿಗೆ ಈಗಲೂ ಭಕ್ತರಿದ್ದಾರಾ?" ಅಂತ ಕೇಳಿ ಜೋರಾಗಿ ನಕ್ಕರು. ಅವರು ಇಲ್ಲೇ ಇದ್ದಾರೆ, ಹೆಸರು ಹೇಳಲ್ಲ. ಆ ನಗುವಿಗೆ ಉತ್ತರ ಕೊಡೋಕೇ ನಾನು ಬಂದಿರುವುದು.

ಇನ್ನೊಂದು ಮಾತು. ಗ್ರೀಕ್ ಅಂದ ಕೂಡಲೇ ನಿಮ್ಮಲ್ಲಿ ಯಾರಾದರೂ ಎದ್ದು, ಈಜಿಪ್ಟಿನಲ್ಲಿ ಸಿಕ್ಕ ಆ ಹಳೆಯ ಗ್ರೀಕ್ ಪ್ರಹಸನದಲ್ಲಿ ಕನ್ನಡದ ಮಾತು ಇದೆಯೋ ಇಲ್ವೋ ಅಂತ ಕೇಳ್ತೀರಿ. ಆ ಜಗಳಕ್ಕೆ ನೂರು ವರ್ಷ ದಾಟಿದೆ. ಇನ್ನೊಂದು ವಾರ ಕಾಯುತ್ತೆ, ಬಿಡಿ.

ಹೆಫೈಸ್ಟಸ್. ಕುಲುಮೆಯ ದೇವರು, ಬೆಂಕಿಯ ದೇವರು, ಕೈಕಸುಬಿನವರ ದೇವರು. ಈಗಿನ ಗ್ರೀಕರು 'ಇಫೆಸ್ತೋಸ್' ಅನ್ನುತ್ತಾರೆ. ಜ್ವಾಲಾಮುಖಿಗೆ ಅವರು ಇವತ್ತಿಗೂ ಬಳಸುವ ಮಾತು 'ಇಫೆಸ್ತಿಯೋ'. ದೇವರನ್ನು ಬಿಟ್ಟರು, ಹೆಸರನ್ನು ಬಿಡೋಕಾಗಲಿಲ್ಲ. ಅವನ ಕಾಲು ಕುಂಟು, ಅದು ನಿಮಗೆಲ್ಲ ಗೊತ್ತು. ಒಂದು ಕಥೆಯಲ್ಲಿ ಮಗು ಕುಂಟು ಅಂತ ತಾಯಿ ಹೇರಾಳೇ ಆಕಾಶದಿಂದ ಎಸೆದಳು. ಇನ್ನೊಂದರಲ್ಲಿ ಗಂಡ ಹೆಂಡತಿ ಜಗಳದಲ್ಲಿ ತಾಯಿಯ ಪರ ನಿಂತ ಅಂತ ಹೇರಾಳ ಗಂಡ, ದೇವತೆಗಳ ರಾಜ ಜ್ಯೂಸ್ ಕಾಲು ಹಿಡಿದು ಎಸೆದ. ಬೆಳಿಗ್ಗೆ ಬಿದ್ದವನು ಸೂರ್ಯ ಮುಳುಗುವಾಗ ಲೆಮ್ನೋಸ್ ದ್ವೀಪ ಮುಟ್ಟಿದ. ಎರಡೂ ಕಥೆ ಗ್ರೀಕರ ಹಳೆಯ ಕವಿ ಹೋಮರನ 'ಇಲಿಯಡ್' ಕಾವ್ಯದಲ್ಲೇ ಇವೆ. ಹೋಮರನಿಗೆ ಇದರಲ್ಲಿ ಏನೂ ತೊಂದರೆ ಕಾಣಲಿಲ್ಲ. ನಮಗ್ಯಾಕೆ?

ನಗುವಿನ ವಿಷಯಕ್ಕೆ ಬರೋಣ. ಅವನನ್ನು ನೋಡಿ ನಗುವುದು ನಮ್ಮ ಫೋನಿನ ಗೆಳೆಯರು ಶುರು ಮಾಡಿದ್ದಲ್ಲ. 'ಇಲಿಯಡ್'ನ ಮೊದಲ ಭಾಗದಲ್ಲೇ ಇದೆ. ಅಪ್ಪ ಅಮ್ಮನ ಜಗಳ ತಣ್ಣಗಾಗಲಿ ಅಂತ ಹೆಫೈಸ್ಟಸ್ ಎದ್ದು ಎಲ್ಲರಿಗೂ ಪಾನೀಯ ಬಡಿಸುತ್ತಾನೆ. ಏದುಸಿರು ಬಿಡುತ್ತ ಓಡಾಡುವ ಅವನನ್ನು ನೋಡಿ ದೇವತೆಗಳೆಲ್ಲ ನಗುತ್ತಾರೆ. ಆ ನಗು ನಿಲ್ಲುವುದೇ ಇಲ್ಲ. ಆದರೆ ಅವರು ಕೂತು ನಗುತ್ತಿರುವ ಅರಮನೆಗಳನ್ನು ಕಟ್ಟಿದವನು ಯಾರು? ಅವನೇ. ಹೋಮರ್ ಅದೇ ಭಾಗದ ಕೊನೆಯಲ್ಲಿ ಇದನ್ನೂ ಹೇಳುತ್ತಾನೆ.

ಈಗ ನನ್ನ ಇಷ್ಟದ ಜಾಗ. ಹದಿನೆಂಟನೆಯ ಭಾಗ. ಥೆಟಿಸ್ ಅನ್ನುವ ಸಮುದ್ರದೇವತೆ ಮಗ ಅಕಿಲಿಸನಿಗೆ ಗುರಾಣಿ ಮಾಡಿಸೋಕೆ ಅವನ ಮನೆಗೆ ಬರುತ್ತಾಳೆ. ಇವನು ಇಪ್ಪತ್ತು ಮುಕ್ಕಾಲಿ ಪೀಠಗಳಿಗೆ ಚಿನ್ನದ ಗಾಲಿ ಹಾಕುವ ಕೆಲಸದಲ್ಲಿದ್ದಾನೆ. ತಾವಾಗಿಯೇ ಸಭೆಗೆ ಹೋಗಿ ತಾವಾಗಿಯೇ ವಾಪಸ್ ಬರುವ ಪೀಠಗಳು! ಹಿಡಿಗಳನ್ನು ಕೂರಿಸೋದೊಂದು ಬಾಕಿ ಇದೆ. ಯಾರೋ ಬಂದಿದ್ದಾರೆ ಅಂತ ಹೆಂಡತಿ ಕರೆಯುತ್ತಾಳೆ. ಆಗ ಅವನು ಏನು ಮಾಡುತ್ತಾನೆ? ತಿದಿಗಳನ್ನು ಬೆಂಕಿಯಿಂದ ಸರಿಸುತ್ತಾನೆ. ಹತಾರಗಳನ್ನೆಲ್ಲ ಬೆಳ್ಳಿ ಪೆಟ್ಟಿಗೆಗೆ ತುಂಬುತ್ತಾನೆ. ಸ್ಪಂಜು ತೆಗೆದುಕೊಂಡು ಮುಖ, ಎರಡೂ ಕೈ, ದಪ್ಪ ಕುತ್ತಿಗೆ, ಕೂದಲು ತುಂಬಿದ ಎದೆ ಒರೆಸಿಕೊಳ್ಳುತ್ತಾನೆ. ಅಂಗಿ ತೊಟ್ಟು, ಕೋಲು ಹಿಡಿದು, ಕುಂಟುತ್ತ ಹೊರಗೆ ಬರುತ್ತಾನೆ.

ನಾನು ಮೂವತ್ತೊಂದು ವರ್ಷ ಫಿಟ್ಟರ್ ಟ್ರೇಡ್ ಕಲಿಸಿದವನು. ಸಂಜೆ ಐದಕ್ಕೆ ವರ್ಕ್‌ಶಾಪಿನಲ್ಲಿ ಕಾಣುತ್ತಿದ್ದದ್ದು ಇದೇ. ಹತಾರ ಎಣಿಸಿ ಪೆಟ್ಟಿಗೆಗೆ ಹಾಕೋದು, ವೇಸ್ಟ್ ಬಟ್ಟೆಯಲ್ಲಿ ಕೈ ಒರೆಸೋದು, ಅಂಗಿ ಹಾಕಿಕೊಳ್ಳೋದು. ಬೆವರು ಒರೆಸಿಕೊಳ್ಳುವ ದೇವರನ್ನು ನಾನು ಬೇರೆ ಎಲ್ಲೂ ಓದಿಲ್ಲ. ಆ ಸ್ಪಂಜನ್ನು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತೆ.

ಈಗ ನಮ್ಮ ಗೆಳೆಯರ ಪ್ರಶ್ನೆ. ಭಕ್ತರಿದ್ದಾರಾ? ಇದ್ದಾರೆ. ನಾನು ಒಬ್ಬನನ್ನು ನೋಡಿದ್ದೇನೆ.

ಮಗಳು ಅಮೆರಿಕದ ಅಲಬಾಮಾದಲ್ಲಿ, ಬರ್ಮಿಂಗ್‌ಹ್ಯಾಂ ಅನ್ನುವ ಊರಿನಲ್ಲಿದ್ದಳು. ಕಬ್ಬಿಣದ ಅದಿರು, ಕಲ್ಲಿದ್ದಲು, ಸುಣ್ಣದ ಕಲ್ಲು ಮೂರೂ ಅಕ್ಕಪಕ್ಕದಲ್ಲೇ ಸಿಗುವ ಜಾಗ. ಹಾಗಾಗಿಯೇ ಬೆಳೆದ ಊರು. ಅಲ್ಲಿ ಬೆಟ್ಟದ ಮೇಲೆ ವಲ್ಕನ್ ನಿಂತಿದ್ದಾನೆ. ವಲ್ಕನ್ ಅಂದರೆ ರೋಮನ್ನರ ಹೆಫೈಸ್ಟಸ್. 56 ಅಡಿ ಎತ್ತರ, ಪೂರ್ತಿ ಎರಕದ ಕಬ್ಬಿಣ. ಎರಕದ ಕಬ್ಬಿಣದ ಪ್ರತಿಮೆಗಳಲ್ಲಿ ಜಗತ್ತಿನಲ್ಲೇ ದೊಡ್ಡದು. 1904ರ ಸೇಂಟ್ ಲೂಯಿಸ್ ಜಾಗತಿಕ ಮೇಳಕ್ಕೆ ಅಂತ ಮೊರೆಟ್ಟಿ ಅನ್ನುವ ಇಟಲಿಯ ಶಿಲ್ಪಿ ಮಾಡಿದ್ದು. ಮೇಳ ಮುಗಿದ ಮೇಲೆ ಪಾಪ, ಅವನ ಪಾಡು ಕೇಳಬೇಡಿ. ಊರಿನ ಜಾತ್ರೆ ಮೈದಾನದಲ್ಲಿ ಕೈಯನ್ನು ತಪ್ಪಾಗಿ ಜೋಡಿಸಿ ನಿಲ್ಲಿಸಿದರು. ಆ ಕೈಗೆ ಐಸ್‌ಕ್ರೀಂ ಕೋನ್ ಹಿಡಿಸಿ ಜಾಹೀರಾತು ಮಾಡಿಸಿದರು. ಬೆಟ್ಟಕ್ಕೆ ಹೋದಮೇಲೆ ಕೈಗೊಂದು ದೀಪ ಕೊಟ್ಟರು. ಊರಿನಲ್ಲಿ ಅಪಘಾತದಿಂದ ಸಾವಾದರೆ ಅದು ಕೆಂಪು, ಇಲ್ಲದಿದ್ದರೆ ಹಸಿರು. ಅದು 1999ರವರೆಗೂ ಇತ್ತು. ಮುಂದುಗಡೆ ಚರ್ಮದ ಏಪ್ರನ್ ಇದೆ, ಹಿಂದುಗಡೆ ಏನೂ ಇಲ್ಲ. ಹಿಂದಿನ ಬಡಾವಣೆಯವರಿಗೆ ವರ್ಷಪೂರ್ತಿ ಅದೇ ದರ್ಶನ. ಮಗಳು ನನ್ನನ್ನು ಮುಂದುಗಡೆಯಿಂದ ಮಾತ್ರ ಕರೆದುಕೊಂಡು ಹೋದಳು.

"ಅಪ್ಪಾ, ನಮ್ಮ ಬೀದೀಲಿ ಒಬ್ರು ಇವನಿಗೆ ಪೂಜೆ ಮಾಡ್ತಾರೆ ಗೊತ್ತಾ?" ಅಂದಳು. ನಾನೂ ನಕ್ಕೆ. ಸುಳ್ಳು ಹೇಳಬಾರದು, ನಾನೂ ನಕ್ಕೆ.

ಭಾನುವಾರ ಅವನ ಗ್ಯಾರೇಜಿಗೆ ಹೋದೆವು. ಐವತ್ತರ ಆಸುಪಾಸಿನ ಮನುಷ್ಯ. ಹಗಲು ವೆಲ್ಡಿಂಗ್ ಕೆಲಸ, ರಜೆಯಲ್ಲಿ ಕುಲುಮೆ. ಮೋಟಾರ್‌ಬೈಕ್ ಅಪಘಾತವಾಗಿ ಬಲಗಾಲು ಎಳೆಯುತ್ತಿದ್ದ. ನನ್ನ ಎಡಗಾಲಿನ ಮೇಲೆ ಲೇತಿನ ಚಕ್ ಬಿದ್ದದ್ದು ನಿಮಗೆ ಗೊತ್ತೇ ಇದೆ. ಹಿಂದಿನ ಸಾಲಿನವರು ನನಗೆ ಇಟ್ಟ ಅಡ್ಡಹೆಸರೂ ನನಗೆ ಗೊತ್ತು! ಹೀಗೆ ಇಬ್ಬರು ಕುಂಟರು ಒಂದು ಅಡೆಗಲ್ಲಿನ ಎದುರು ನಿಂತೆವು.

ಗ್ಯಾಸ್ ಕುಲುಮೆಯ ಪಕ್ಕದ ಶೆಲ್ಫಿನಲ್ಲಿ ಅಂಗೈ ಉದ್ದದ ಮಣ್ಣಿನ ಗೊಂಬೆ. ಅವನೇ ಮಾಡಿದ್ದು, ಮೂಗು ಸ್ವಲ್ಪ ಸೊಟ್ಟ. ಹಳೆಯ ಅಥೆನ್ಸಿನಲ್ಲಿ ಒಲೆಯ ಹತ್ತಿರ ಹೀಗೆ ಮಣ್ಣಿನ ಹೆಫೈಸ್ಟಸ್ ಇಡುತ್ತಿದ್ದರು, ಬೆಂಕಿ ನೋಡಿಕೊಳ್ಳಲಿ ಅಂತ. ಅರಿಸ್ಟೊಫೇನಿಸನ ನಾಟಕಕ್ಕೆ ಬರೆದ ಹಳೆಯ ಟಿಪ್ಪಣಿಯೊಂದರಲ್ಲಿ ಈ ಮಾತಿದೆ. ಇವನು ಅದನ್ನು ಹಿಡಿದುಕೊಂಡಿದ್ದ. ಬಟ್ಟಲಿನ ನೀರಿಗೆ ಉರಿಯುವ ಎಲೆಯೊಂದನ್ನು ಅದ್ದಿದ. ಆ ನೀರಿನಲ್ಲಿ ಕೈ ತೊಳೆದ. ಮೊದಲು ಒಲೆಯ ದೇವತೆ ಹೆಸ್ಟಿಯಾಳ ಹೆಸರು. ಆಮೇಲೆ ನಾಲ್ಕು ಬಾರ್ಲಿ ಕಾಳು, ಒಂದು ಚೂರು ಸಾಂಬ್ರಾಣಿ, ಒಂದು ಗುಟುಕು ದ್ರಾಕ್ಷಾರಸ. ನಂತರ ಹೋಮರನ ಹೆಸರಿನಲ್ಲಿ ಬಂದಿರುವ ಸ್ತೋತ್ರ. ಅದು ಎಂಟೇ ಸಾಲು. ಜನ ಮೊದಲು ಬೆಟ್ಟದ ಗುಹೆಗಳಲ್ಲಿ ಮೃಗಗಳ ಹಾಗೆ ಇದ್ದರು, ಹೆಫೈಸ್ಟಸ್ ಮತ್ತು ಅಥೀನಾ ದೇವಿ ಕಸುಬು ಕಲಿಸಿದ ಮೇಲೆ ಮನೆಗಳಲ್ಲಿ ನೆಮ್ಮದಿಯಾಗಿ ಬದುಕಿದರು ಅಂತ ಅದರಲ್ಲಿ ಬರುತ್ತೆ. ಎಲ್ಲಾ ಸೇರಿ ಐದು ನಿಮಿಷ. ನಮ್ಮ ಸ್ವಾಗತ ಭಾಷಣಕ್ಕಿಂತ ಕಡಿಮೆ.

"ಹಳಬರು ಹೀಗೇ ಮಾಡ್ತಿದ್ದರಾ?" ಅಂತ ಕೇಳಿದೆ. ಮೇಷ್ಟ್ರ ಚಾಳಿ. "ಸರಿಯಾಗಿ ಗೊತ್ತಿಲ್ಲ. ಚೂರುಪಾರು ಸಿಕ್ಕಿದೆ. ಸಿಕ್ಕಿದ್ದರಲ್ಲಿ ಕೆಲಸ ನಡೆಸ್ತೀನಿ" ಅಂದ. ಒಳ್ಳೆಯ ಫಿಟ್ಟರ್ ಹೇಳುವ ಮಾತು ಇದು.

ಆಮೇಲೆ ಮೂರು ಸೂತಿನ ಸರಳು ಕಾಯಿಸಿ ಕೊಕ್ಕೆ ಮಾಡೋಕೆ ಶುರು ಮಾಡಿದ. ದಿನದ ಮೊದಲ ಕೊಕ್ಕೆ ದೇವರಿಗೆ. ಅದನ್ನು ಮಾರುವುದಿಲ್ಲ, ಗೋಡೆಯ ಮೊಳೆಗೆ ಹಾಕುತ್ತಾನೆ. ನನ್ನ ಜತೆ ಮಾತಾಡುತ್ತ ಸರಳನ್ನು ಬೆಂಕಿಯಲ್ಲಿ ಜಾಸ್ತಿ ಹೊತ್ತು ಬಿಟ್ಟ. ತುದಿಯಿಂದ ಬಿಳಿ ಕಿಡಿ ಸಿಡಿಯಿತು. ಅಂದರೆ ಕಬ್ಬಿಣ ಸುಟ್ಟಿತು, ನಿಮಗೆ ಹೇಳಬೇಕಾಗಿಲ್ಲ. ಆದರೂ ಅವನು ಬಡಿದು ಬಗ್ಗಿಸಿದ. ನೋಡೋಕೆ ಚೆನ್ನಾಗೇ ಬಂತು. ಬಣ್ಣ ಬಳಿದರೆ ಯಾರಿಗೂ ತಿಳಿಯುವಂತಿರಲಿಲ್ಲ. ಅವನು ಒಂದು ಸಲ ತಿರುಗಿಸಿ ನೋಡಿ ಗುಜರಿ ಡಬ್ಬಕ್ಕೆ ಎಸೆದ. "ದೇವರಿಗೇ ತಾನೆ, ಯಾರು ನೋಡ್ತಾರೆ?" ಅಂದೆ, ಸುಮ್ನೆ ಕೆಣಕೋಕೆ. ಅವನು ಹೇಳಿದ: "ಅವನಿಗೆ ಗೊತ್ತಾಗುತ್ತೆ. ಅವನೂ ಇದೇ ಕೆಲಸದವನು."

ನಾನು ಅಮೆರಿಕದಿಂದ ತಂದದ್ದು ಇದೊಂದೇ ಮಾತು. ಬಾಕಿ ಎಲ್ಲಾ ಚಾಕೊಲೇಟು.

ಯೋಚನೆ ಮಾಡಿ. ದೇವರ ಎದುರು ನಾವು ಎಷ್ಟೋ ಸಲ ಹೊಂದಿಸಿಕೊಳ್ಳುತ್ತೇವೆ. ಹೂ ಬಾಡಿದ್ದರೂ ಭಕ್ತಿ ಇದೆಯಲ್ಲ ಅಂತೀವಿ. ಕಸುಬು ಬಲ್ಲ ದೇವರ ಎದುರು ಆ ಆಟ ನಡೆಯಲ್ಲ. ಅವನು ನಿಮ್ಮ ಬೆಸುಗೆ ನೋಡುತ್ತಾನೆ. ಬೆವರು ಒರೆಸಿಕೊಂಡ ದೇವರಿಗೆ ಬೆವರಿನ ಬೆಲೆ ಗೊತ್ತು, ಕಳ್ಳ ಕೆಲಸದ ವಾಸನೆಯೂ ಗೊತ್ತು.

ಕಾರ್ಯದರ್ಶಿಗಳು ಗಡಿಯಾರ ತೋರಿಸುತ್ತಿದ್ದಾರೆ. ಹತ್ತು ನಿಮಿಷವಾ? ಸರಿ. ಅಥೆನ್ಸಿಗೆ ಓಡೋಣ.

ಅಲ್ಲಿನ ಹಳೆಯ ಮಾರುಕಟ್ಟೆ ಬಯಲಿನ ಪಡುವಣ ಗುಡ್ಡದ ಮೇಲೆ ಅವನ ಗುಡಿ ಇದೆ. ಕ್ರಿ.ಪೂ. 449ರ ಸುಮಾರಿಗೆ ಶುರುವಾದದ್ದು. ಗ್ರೀಸಿನಲ್ಲಿ ಇಷ್ಟು ಗಟ್ಟಿಯಾಗಿ ಉಳಿದ ಹಳೆಯ ಗುಡಿ ಇನ್ನೊಂದಿಲ್ಲ ಅನ್ನುವಷ್ಟು ಚೆನ್ನಾಗಿದೆ. ಸುತ್ತ ಕಂಚಿನ ಎರಕದವರು, ಕುಂಬಾರರು ಇದ್ದ ಜಾಗ. ಉಳಿದದ್ದು ಹೇಗೆ? ಸೇಂಟ್ ಜಾರ್ಜ್ ಚರ್ಚ್ ಆಗಿ. ಏಳನೆಯ ಶತಮಾನದಿಂದ 19ನೆಯ ಶತಮಾನದವರೆಗೂ ಚರ್ಚ್, ಆಮೇಲೆ ನೂರು ವರ್ಷ ಮ್ಯೂಸಿಯಂ. ಅಷ್ಟು ದಿನ ಜನ ಇದನ್ನು ಥೀಸಿಯಸ್ ಅನ್ನುವ ವೀರನ ಗುಡಿ ಅಂತಲೇ ತಿಳಿದಿದ್ದರು. ಇವತ್ತೂ ಪಕ್ಕದ ಮೆಟ್ರೋ ಸ್ಟೇಷನ್ 'ಥಿಸಿಯೋ'. ಗುಡಿ ಇವನದು, ಬೋರ್ಡು ಇನ್ನೊಬ್ಬನದು. ಕೆಲಸ ಮಾಡುವವರಿಗೆ ಇದು ಹೊಸದಲ್ಲ, ಅಲ್ವಾ? ಹತ್ತಿರದ ಸಂತೆ ಬೀದಿಗೆ ಮಾತ್ರ ಇಫೆಸ್ತೋಸನ ಹೆಸರೇ ಇದೆ. ಹಳೆ ಕಬ್ಬಿಣ, ತಾಮ್ರ, ಬೂಟು ಎಲ್ಲಾ ಸಿಗುತ್ತೆ.

ಈಗ ಅಲ್ಲಿ ಪೂಜೆ ಮಾಡಬಹುದಾ? ಇಲ್ಲ. ಕ್ರಿ.ಶ. 391–392ರಲ್ಲಿ ಥಿಯೋಡೋಸಿಯಸ್ ಚಕ್ರವರ್ತಿ ಹಳೆಯ ದೇವರ ಪೂಜೆಗಳನ್ನು ನಿಷೇಧಿಸಿದ. ಈಗಿನ ಸರ್ಕಾರಕ್ಕೆ ಅದು ಸ್ಮಾರಕ, ಹಗ್ಗದಾಚೆ ನಿಂತು ನೋಡಬೇಕು. ಹಳೆಯ ದೇವರನ್ನು ನಂಬುವವರು 1997ರಲ್ಲಿ ಒಂದು ಮಂಡಳಿ ಕಟ್ಟಿಕೊಂಡರು. 2007ರಲ್ಲಿ ಇನ್ನೊಂದು ಗುಂಪು ಅಪ್ಪಣೆ ಇಲ್ಲದೆಯೇ ಜ್ಯೂಸನ ಪಾಳುಗುಡಿಯ ಹತ್ತಿರ ಸೇರಿ ಪೂಜೆ ಮಾಡಿತು. 2017ರಲ್ಲಿ ಗ್ರೀಕ್ ಸರ್ಕಾರ ಇದನ್ನು 'ಪರಿಚಿತ ಧರ್ಮ' ಅಂತ ಒಪ್ಪಿತು. ಹೋಮರನಿಗೆ ಪರಿಚಿತವಾಗಿದ್ದದ್ದು ಕಚೇರಿಗೆ ಪರಿಚಿತವಾಗೋಕೆ ಇಷ್ಟು ಕಾಲ ಬೇಕಾಯಿತು.

ನಡುವೆ ಹದಿನೈದು ಶತಮಾನ ಪೂಜೆ ಕಡಿದುಹೋಗಿತ್ತು. ಅದನ್ನು ಮುಚ್ಚಿಡುವವರನ್ನು ನಾನು ಒಪ್ಪಲ್ಲ. ನನ್ನ ಗ್ಯಾರೇಜಿನ ಗೆಳೆಯ ಮುಚ್ಚಿಡಲಿಲ್ಲ. ನಾಳೆ ಯಂತ್ರಕ್ಕೆ ಕುಂಕುಮ ಹಚ್ಚುವ ನಮಗೆ ತಾತ ಮಾಡಿದ್ದನ್ನು ಕಂಡ ನೆನಪಿದೆ. ಅವನಿಗೆ ಅದಿಲ್ಲ. ಹಾಗಾಗಿ 'ಅವರೂ ನಮ್ಮ ಥರಾನೇ' ಅಂತ ಬೆನ್ನು ತಟ್ಟಿ ಮುಗಿಸಬೇಡಿ. ನಮ್ಮ ವಿಶ್ವಕರ್ಮನನ್ನು ನೋಡಿ ಯಾವ ದೇವತೆಯೂ ನಗಲಿಲ್ಲ. ಆ ಮನುಷ್ಯ ಅಷ್ಟೊಂದು ಚೆಂದದ ದೇವರುಗಳ ನಡುವೆ ಎಲ್ಲರೂ ನಕ್ಕ ದೇವರನ್ನೇ ಆರಿಸಿಕೊಂಡ. ಸುತ್ತಿಗೆಗಾಗಿ ಎಷ್ಟೋ, ಕಾಲಿಗಾಗಿಯೂ ಅಷ್ಟೇ. ಅಂಗವಿಕಲರಾದ ಭಕ್ತರು ಈಗ ಇವನನ್ನು ತಮ್ಮವನು ಅನ್ನುವುದು ಇದಕ್ಕೇ.

ಕಾಲಿನ ಬಗ್ಗೆ ಒಂದು ಊಹೆಯೂ ಇದೆ. ಹಳೆಯ ಕಂಚಿನಲ್ಲಿ ತವರದ ಬದಲು ಆರ್ಸೆನಿಕ್ ಇರುತ್ತಿತ್ತು. ಅದರ ಹೊಗೆ ಕುಡಿದ ಕಮ್ಮಾರರ ನರ ಸೋತು ಕಾಲು ಹೋಗುತ್ತಿತ್ತು, ಹಾಗಾಗಿ ಅವರ ದೇವರೂ ಕುಂಟ ಅಂತ. ಊಹೆ ಅಷ್ಟೇ. ಆದರೆ ಹೊಗೆ ಕುಡಿದವರು ಈ ಸಭೆಯಲ್ಲೂ ಇದ್ದಾರೆ.

ಚೀಟಿ ಬಂತು. ಉಳಿದದ್ದು ಬರೀ ತಲೆಬರಹ. ಕಾಲ್ಕೇಯಾ: ಅಥೆನ್ಸಿನ ಕಂಚುಗಾರರ ಹಬ್ಬ, ನಮ್ಮ ಅಕ್ಟೋಬರ್–ನವೆಂಬರ್ ಹೊತ್ತಿಗೆ. ಅಥೀನಾ ದೇವಿಗೆ ಉಡಿಸುವ ಬಟ್ಟೆಯ ನೇಯ್ಗೆಗೂ ಅವತ್ತೇ ಮಗ್ಗ ಹೂಡುತ್ತಿದ್ದರು. ಈಗಿನ ಭಕ್ತರು ಅದನ್ನು ಮತ್ತೆ ಆಚರಿಸುತ್ತಾರೆ. ಕನಿಷ್ಕನ ನಾಣ್ಯ: ಇದಕ್ಕೆ ಅರ್ಧ ಗಂಟೆ ಬೇಕಿತ್ತು. ನಮ್ಮ ಪಠ್ಯಪುಸ್ತಕದ ಅದೇ ಕನಿಷ್ಕ. ಅವನ ಮೊದಲ ನಾಣ್ಯಗಳಲ್ಲಿ ಗ್ರೀಕ್ ಅಕ್ಷರದಲ್ಲಿ ಹೆಫೈಸ್ಟಸನ ಹೆಸರಿದೆ. ಆಮೇಲೆ ಭಾಷೆ ಬದಲಾಯಿತು, ಅದೇ ದೇವರು 'ಅಥ್ಶೋ' ಆದ. ಕೈಯಲ್ಲಿದ್ದ ಇಕ್ಕಳ ಮಾತ್ರ ಬದಲಾಗಲಿಲ್ಲ.

ಸರಿ, ಮುಗಿಸಿದೆ. ಒಂದು ವಸ್ತು ಕಳಿಸ್ತೀನಿ, ಕೈಯಿಂದ ಕೈಗೆ ಹೋಗಲಿ. ಅವತ್ತು ಅವನು ಮಾಡಿದ ಮೂರನೆಯ ಕೊಕ್ಕೆ. ಎರಡನೆಯದು ಗೋಡೆಗೆ ಹೋಯಿತು, ಇದು ನನಗೆ ಬಂತು. ಬಾಗಿದ ಜಾಗದಲ್ಲಿ ಸುತ್ತಿಗೆಯ ಗುರುತು ಎಣಿಸಿ, ಒಂಬತ್ತಿವೆ. ಫೋನ್ ಮಾಡಿದ ಗೆಳೆಯರೇ, ನೀವೇ ಮೊದಲು ಹಿಡಿಯಿರಿ. ತುದಿಗೆ ಅರ ಹಾಕಿಲ್ಲ, ಚೂಪಾಗಿದೆ, ಜೋಪಾನ.