ಅಪ್ಪನ ಡೈರಿಯಲ್ಲಿ ‘ಬದಲಾಗಿದೆ’ ಅಂತ ಬರೆದಿದೆ

ಕ್ಯಾಮೆರಾ ಸ್ವಲ್ಪ ಹತ್ತಿರ ತರುತ್ತೇನೆ, ನೋಡಿ. ಇದು 2014ರ ಡೈರಿ, ಯಾರೋ ಇನ್ಶೂರೆನ್ಸ್ ಏಜೆಂಟ್ ಕೊಟ್ಟಿದ್ದು. ರಟ್ಟಿನ ಮೂಲೆ ಕಿತ್ತು ಬಂದಿದೆ, ಮೇಲೊಂದು ರಬ್ಬರ್ ಬ್ಯಾಂಡ್. ಮನೆಯ ಎಲ್ಲಾ ಪಾಸ್‌ವರ್ಡ್ ಇದರಲ್ಲಿದೆ ಅಂತ ಅಪ್ಪ ವರ್ಷಗಳಿಂದ ಹೇಳುತ್ತಾ ಬಂದಿದ್ದಾರೆ. ಇದೆ, ಇಲ್ಲ ಅಂತಲ್ಲ. ಆದರೆ ಕಳ್ಳ ಬಂದು ಓದಿಬಿಟ್ಟರೆ ಅನ್ನೋ ಭಯಕ್ಕೆ ಅವರು ಪಾಸ್‌ವರ್ಡ್ ಬರೆದಿಲ್ಲ, ಸುಳಿವು ಬರೆದಿದ್ದಾರೆ. ಒಂದು ಕಡೆ ‘ಹಳೇ ಸ್ಕೂಟರ್’. ಅದರ ಕೆಳಗೆ ‘ಅದೇ, ಮೊದಲನೆಯದು ದೊಡ್ಡದು’. ಇನ್ನೊಂದು ಪುಟದಲ್ಲಿ ಪೆನ್ಸಿಲ್‌ನಲ್ಲಿ ‘ಬದಲಾಗಿದೆ’. ಅಷ್ಟೇ. ಬದಲಾಗಿ ಏನಾಗಿದೆ? ಅಪ್ಪ ಕನ್ನಡಕ ಹಾಕಿಕೊಂಡು ಐದು ನಿಮಿಷ ಅದನ್ನೇ ನೋಡುತ್ತಾ ಕೂತಿದ್ದರು, ಬೇರೆ ಯಾರೋ ಬಂದು ಬರೆದು ಹೋಗಿದ್ದಾರೇನೋ ಅನ್ನೋ ಹಾಗೆ.

ಇವತ್ತು ಇದನ್ನೆಲ್ಲಾ ಹೊಸ ನೋಟ್‌ಬುಕ್ಕಿಗೆ ಇಳಿಸುವ ಕೆಲಸ. ಇದು ಶುರುವಾಗಿದ್ದು ಹೋದ ವಾರ, ಅಪ್ಪನ ಆಧಾರ್ ಪ್ರಿಂಟ್ ಬೇಕಾದಾಗ. ಡೌನ್‌ಲೋಡ್ ಆಯಿತು, ಫೈಲ್ ತೆರೆಯೋಕೆ ಹೋದರೆ ಪಾಸ್‌ವರ್ಡ್ ಕೇಳಿತು. ಇ-ಆಧಾರ್‌ಗೆ ಪಾಸ್‌ವರ್ಡ್ ನಾವು ಇಡೋದಲ್ಲ, ಅದಕ್ಕೊಂದು ಲೆಕ್ಕ ಇದೆ. ಹೆಸರಿನ ಮೊದಲ ನಾಲ್ಕು ಅಕ್ಷರ ಇಂಗ್ಲಿಷಿನ ದೊಡ್ಡಕ್ಷರದಲ್ಲಿ, ಆಮೇಲೆ ಹುಟ್ಟಿದ ವರ್ಷ. ಕೇಳೋಕೆ ಸುಲಭ ಅಲ್ವಾ? ಇನಿಷಿಯಲ್ ಇರುವ ನಮ್ಮಂಥವರಿಗೆ ಅಷ್ಟು ಸುಲಭ ಅಲ್ಲ. ಅಪ್ಪನ ಹೆಸರಿನ ಮುಂದೆ ಎರಡು ಇನಿಷಿಯಲ್ ಇವೆ, ಒಂದು ಊರಿನದು, ಒಂದು ತಾತನದು. ಅವನ್ನು ಬಿಟ್ಟು ಹೊಡೆದೆ, ಆಗಲಿಲ್ಲ. ಸೇರಿಸಿ ಹೊಡೆದೆ, ಆಗಲಿಲ್ಲ. ಆಮೇಲೆ ಗೊತ್ತಾಗಿದ್ದು, ಆಧಾರ್‌ನಲ್ಲಿ ಇನಿಷಿಯಲ್ ಪಕ್ಕ ಚುಕ್ಕೆ ಇದ್ದರೆ ಆ ಚುಕ್ಕೆಯೂ ಒಂದು ಅಕ್ಷರವೇ. ಅಂದರೆ ಅಪ್ಪನ ಮೊದಲ ನಾಲ್ಕು ‘ಅಕ್ಷರ’ ಎರಡು ಇನಿಷಿಯಲ್, ಎರಡು ಚುಕ್ಕೆ. ಹೆಸರಿಗೆ ಜಾಗವೇ ಇಲ್ಲ!

ಅದನ್ನು ಹೊಡೆದರೂ ತೆರೆಯಲಿಲ್ಲ. ಯಾಕೆಂದರೆ ಅಪ್ಪನಿಗೆ ಹುಟ್ಟಿದ ವರ್ಷವೂ ಎರಡು. ಅಜ್ಜಿ ಲೆಕ್ಕದಲ್ಲಿ ಹುಟ್ಟಿದ್ದು 1954ರ ನವರಾತ್ರಿ. ಸ್ಕೂಲಿನ ಲೆಕ್ಕದಲ್ಲಿ 1953 ಜೂನ್ 1. ಒಂದು ವರ್ಷ ಮೊದಲೇ ಒಂದನೇ ಕ್ಲಾಸಿಗೆ ಸೇರಲಿ ಅಂತ ಮೇಷ್ಟ್ರು ಬರೆದುಕೊಂಡಿದ್ದು. ಆ ಕಾಲದಲ್ಲಿ ಅರ್ಧ ಊರಿಗೇ ಜೂನ್ 1 ಹುಟ್ಟುಹಬ್ಬ ಬಿಡಿ. ಅಪ್ಪ ಮಾತ್ರ ‘54 ಹಾಕು, 54 ಹಾಕು’ ಅಂತ ಪಕ್ಕದಲ್ಲೇ ನಿಂತಿದ್ದರು. ನಾನು 53 ಹಾಕಿದೆ. ತೆರೆಯಿತು. ಅವರು ಹುಟ್ಟದೇ ಇದ್ದ ವರ್ಷಕ್ಕೆ ತೆರೆಯಿತು.

ಅಮ್ಮ ಇದನ್ನೆಲ್ಲಾ ನೋಡಿ ನಗುತ್ತಾ ಇದ್ದಳು. ಅವಳದು ಬೇರೆ ದಾರಿ. ಏನಾದರೂ ನೆನಪಿಡಬೇಕು ಅಂದರೆ ಸೆರಗಿನ ತುದಿಗೆ ಒಂದು ಗಂಟು. ಇವತ್ತೂ ಇದೆ, ಇಲ್ಲಿ ನೋಡಿ. ಯಾಕಮ್ಮಾ ಈ ಗಂಟು ಅಂದೆ. ‘ಬೆಳಗ್ಗೆ ಹಾಕ್ಕೊಂಡೆ ಕಣೋ, ಇರು, ಜ್ಞಾಪಿಸ್ಕೋತೀನಿ’ ಅಂದಳು. ಅಪ್ಪನ ಡೈರಿಯೂ ಅದೇ ತಾನೇ, ನೂರು ಪುಟದ ಸೆರಗು. ಗಂಟು ಗಟ್ಟಿಯಾಗಿಯೇ ಇದೆ, ಯಾಕೆ ಹಾಕಿದ್ದು ಅನ್ನೋದು ಮಾತ್ರ ಇಲ್ಲ.

ಆದರೆ ಎಟಿಎಂ ಪಿನ್ ಅಮ್ಮ ಒಂದು ದಿನವೂ ಮರೆತವಳಲ್ಲ. ನಾಲ್ಕೇ ಅಂಕಿ ನೋಡಿ. ಅದಕ್ಕೂ ಒಂದು ಕಥೆ ಇದೆ. 1967ರಲ್ಲಿ ಲಂಡನ್ನಿನ ಎನ್‌ಫೀಲ್ಡ್‌ನಲ್ಲಿ ದುಡ್ಡು ಕೊಡೋ ಯಂತ್ರ ಶುರುವಾಯಿತಲ್ಲ, ಅದನ್ನು ಮಾಡಿದ ಜಾನ್ ಶೆಫರ್ಡ್-ಬ್ಯಾರನ್‌ಗೆ ಆರು ಅಂಕಿ ಇಡೋ ಯೋಚನೆ ಇತ್ತಂತೆ. ಅಡುಗೆಮನೆಯ ಮೇಜಿನ ಹತ್ತಿರ ಹೆಂಡತಿಯನ್ನು ಕೇಳಿದರೆ ಆಕೆ, ನನಗೆ ನಾಲ್ಕೇ ನೆನಪಿರೋದು ಅಂದಳಂತೆ. ಆತನೇ ಹೇಳಿಕೊಂಡ ಕಥೆ. ಅಮ್ಮನಿಗೆ ಹೇಳಿದೆ. ‘ಪುಣ್ಯಾತ್ಗಿತ್ತಿ’ ಅಂದಳು.

ಪಾಸ್‌ವರ್ಡಿಗೆ ಅಂಥ ಹೆಂಡತಿ ಸಿಗಲಿಲ್ಲ. ದೊಡ್ಡಕ್ಷರ ಬೇಕು, ಅಂಕಿ ಬೇಕು, ಆಶ್ಚರ್ಯಚಿಹ್ನೆ ಬೇಕು, ಮೂರು ತಿಂಗಳಿಗೊಮ್ಮೆ ಬದಲಿಸಬೇಕು ಅನ್ನೋ ಕಾಟ ಇದೆಯಲ್ಲ, ಅದು ಜೋರಾಗಿದ್ದು 2003ರಲ್ಲಿ ತಂತ್ರಜ್ಞಾನದ ಮಾನದಂಡ ರೂಪಿಸೋ ಅಮೆರಿಕದ ಸರ್ಕಾರಿ ಸಂಸ್ಥೆ ಎನ್‌ಐಎಸ್‌ಟಿಗಾಗಿ ಬಿಲ್ ಬರ್ ಅನ್ನೋ ಅಧಿಕಾರಿ ಬರೆದ ಸಲಹೆಗಳಿಂದ. 2017ರಲ್ಲಿ, ರಿಟೈರ್ ಆದ ಮೇಲೆ, ನಾನು ಮಾಡಿದ್ದು ಬಹಳಷ್ಟು ತಪ್ಪಾಯಿತು ಅನ್ನೋ ಅರ್ಥದಲ್ಲಿ ಆತನೇ ಪತ್ರಿಕೆಗೆ ಹೇಳಿದ. ಆ ಸಂಸ್ಥೆಯೂ ಅದೇ ವರ್ಷ ಸುಮ್ನೆ ಸುಮ್ನೆ ಬದಲಿಸೋದು ಬೇಡ, ಉದ್ದ ಇರಲಿ ಅಂತ ಸಲಹೆ ತಿದ್ದಿತು. ಅಪ್ಪನ ‘ಬದಲಾಗಿದೆ’ ಇನ್ನೂ ಡೈರಿಯಲ್ಲೇ ಇದೆ.

ಹಾಗಾಗಿ ಈ ಸಲ ಒಂದಕ್ಕೊಂದು ಸಂಬಂಧ ಇಲ್ಲದ ನಾಲ್ಕು ಕನ್ನಡ ಪದ ಜೋಡಿಸೋಣ ಅಂದುಕೊಂಡೆ. ಅಲ್ಲೂ ಜಗಳ! ಮಜ್ಜಿಗೆ ಅಂತ ಇಂಗ್ಲಿಷಿನಲ್ಲಿ ಬರೆಯೋವಾಗ ನಾನು ಎರಡು ಜೆ ಹಾಕುತ್ತೇನೆ, ಅಪ್ಪ ಒಂದೇ. ಹುಣಸೆ ಅವರಿಗೆ ಹುಣ್ಸೆ. ಕೊನೆಗೆ ಒತ್ತಕ್ಷರ, ದೀರ್ಘ ಯಾವುದೂ ಇಲ್ಲದ ಪದಗಳನ್ನೇ ಹುಡುಕಿದೆವು. ಒಂದು ಗಂಟೆ ಹೋಯಿತು, ಎರಡು ಲೋಟ ಕಾಫಿ ಹೋಯಿತು.

ಹೊಸ ಪುಸ್ತಕದಲ್ಲಿ ಸುಳಿವು ಇಲ್ಲ, ಪೂರ್ತಿ ಬರೆದಿದ್ದೇವೆ. ಪಿನ್‌ಗಳನ್ನು ಮಾತ್ರ ಬಿಟ್ಟು. ಕಾಗದದಲ್ಲಿ ಬರೆಯೋದು ಅಪಾಯ ಅಂತ ಕಾಮೆಂಟ್ ಹಾಕೋಕೆ ಹೊರಟವರೇ, ಸ್ವಲ್ಪ ತಡೆಯಿರಿ. ಬ್ರೂಸ್ ಶ್ನಾಯರ್ ಅನ್ನೋ ಭದ್ರತಾ ತಜ್ಞ 2005ರಲ್ಲೇ ಹೇಳಿದ್ದಾನೆ, ಒಳ್ಳೆ ಪಾಸ್‌ವರ್ಡ್ ಇಡಿ, ಚೀಟಿಯಲ್ಲಿ ಬರೆದು ಪರ್ಸಿನಲ್ಲಿ ಇಟ್ಟುಕೊಳ್ಳಿ ಅಂತ. ನಮ್ಮ ಮನೆಗೆ ಬರೋ ಕಳ್ಳನಿಗೆ ಬೇಕಾಗಿರೋದು ಬೆಳ್ಳಿ ದೀಪ, ಅಪ್ಪನ ಇಮೇಲ್ ಅಲ್ಲ. ಪುಸ್ತಕ ಎಲ್ಲಿಟ್ಟಿದ್ದೇವೆ ಅಂತ ಹೇಳಲ್ಲ, ಪುಟಗಳನ್ನು ಬ್ಲರ್ ಮಾಡಿದ್ದೇನೆ.

ಒಂದು ಸಾಲು ಮಾತ್ರ ಉಳಿದಿದೆ. ಡೈರಿಯ ಕೊನೇ ಪುಟದಲ್ಲಿ ‘ಗೌರಿ’ ಅಂತಿದೆ, ಪಕ್ಕದಲ್ಲಿ ಯಾವ ಬ್ಯಾಂಕು, ಯಾವ ಖಾತೆ ಏನೂ ಇಲ್ಲ. ಅಪ್ಪನಿಗೆ ಈ ಸಲ ತಕ್ಷಣ ಗೊತ್ತಾಯಿತು. ಗೌರಿ ಅಂದರೆ ಊರಿನ ಮನೆಯ ಹಸು. ಹಣೆ ಮೇಲೆ ಬಿಳಿ ಮಚ್ಚೆ, ಅಜ್ಜಿ ಬಿಟ್ಟು ಬೇರೆಯವರು ಕೂತರೆ ಹಾಲು ಕೊಡುತ್ತಿರಲಿಲ್ಲವಂತೆ, ಅದಕ್ಕೆ ತಾತ ಒಂದು ದಿನ ಅಜ್ಜಿಯ ಸೀರೆ ಸುತ್ತಿಕೊಂಡು ಹಾಲು ಕರೆಯೋಕೆ ಹೋದರಂತೆ. ಅರ್ಧ ಗಂಟೆ ಹೇಳಿದರು. ಇದು ಯಾವುದರ ಪಾಸ್‌ವರ್ಡ್ ಅಪ್ಪಾ ಅಂತ ಕೇಳಿದೆ. ‘ಅದು ಗೊತ್ತಿಲ್ಲಪ್ಪ’ ಅಂದರು.