ಚಿತ್ರದ ಅಂಚಿನಲ್ಲಿ ಅರ್ಧ ಕಥೆ: ರಷ್ಯಾದ ಜನಪದ ಕಥೆಗಳಿಗೆ ರೂಪ ಕೊಟ್ಟ ಇವಾನ್ ಬಿಲಿಬಿನ್

[ತೆರೆಯ ಮೇಲೆ: ಕಾಡಿನಲ್ಲಿ ಬಾಬಾ ಯಾಗಾ, 1900ರ ಚಿತ್ರ. ಹತ್ತು ಸೆಕೆಂಡು ಮೌನ.]

ಈ ಚಿತ್ರದಲ್ಲಿ ಒಬ್ಬ ಮುದುಕಿ ಇದ್ದಾಳೆ. ಒರಳಿನೊಳಗೆ ನಿಂತು ಕಾಡಿನಲ್ಲಿ ಹೊರಟಿದ್ದಾಳೆ. ಒಂದು ಕೈಯಲ್ಲಿ ಒನಕೆ, ಇನ್ನೊಂದರಲ್ಲಿ ಪೊರಕೆ. ಒನಕೆಯಿಂದ ಒರಳನ್ನು ಓಡಿಸುತ್ತಾಳೆ, ಪೊರಕೆಯಿಂದ ತಾನು ಬಂದ ಜಾಡನ್ನು ಗುಡಿಸಿ ಅಳಿಸುತ್ತಾಳೆ. ಒರಳು, ಒನಕೆ, ಪೊರಕೆ. ಮೂರೂ ಅಡುಗೆಮನೆ, ಅಂಗಳದ ಸಾಮಾನು. ಆದರೂ ನೋಡಿದ ತಕ್ಷಣ ಬೆನ್ನಲ್ಲಿ ಸಣ್ಣ ಚಳಿ, ಅಲ್ವಾ?

ಇವಳು ರಷ್ಯಾದ ಜನಪದ ಕಥೆಗಳ ಬಾಬಾ ಯಾಗಾ. ಅವಳ ಗುಡಿಸಲು ಕೋಳಿಯ ಕಾಲುಗಳ ಮೇಲೆ ನಿಂತಿರುತ್ತದೆ. ಅವಳ ಬೇಲಿಯ ಮೇಲೆ ತಲೆಬುರುಡೆಗಳು. ನೂರಾರು ವರ್ಷಗಳಿಂದ ಜನ ಅವಳ ಕಥೆ ಹೇಳುತ್ತಾ ಬಂದಿದ್ದಾರೆ. ಆದರೆ ಇವತ್ತು ಬಾಬಾ ಯಾಗಾ ಅಂದರೆ ತುಂಬಾ ಜನರ ಕಣ್ಣಿಗೆ ಬರುವುದು ಈ ಚಿತ್ರದ ಮುದುಕಿಯೇ. ಬರೆದವರು ಇವಾನ್ ಯಾಕೊವ್ಲೆವಿಚ್ ಬಿಲಿಬಿನ್. ಆಗ ಅವರಿಗೆ 24ರ ಆಸುಪಾಸು. ಓದುತ್ತಿದ್ದದ್ದು ಕಾನೂನು.

ಬಿಲಿಬಿನ್ ಅವರ ಚಿತ್ರಗಳನ್ನು ನಾನು ವರ್ಷಗಳಿಂದ ನೋಡುತ್ತಾ ಬಂದಿದ್ದೇನೆ. ಮೊದಲು ಮುದುಕಿ, ಕುದುರೆ, ರಾಜಕುಮಾರ ಇವರನ್ನಷ್ಟೇ ನೋಡುತ್ತಿದ್ದೆ. ಚಿತ್ರದ ಸುತ್ತ ಇರುವ ಅಂಚನ್ನು ನೋಡಲು ಶುರು ಮಾಡಿದ್ದು ತುಂಬಾ ತಡವಾಗಿ. ಆಮೇಲೆ ಈ ಕಲಾವಿದರ ಇಡೀ ಬದುಕೇ ನನಗೆ ಬೇರೆ ಥರ ಕಾಣತೊಡಗಿತು. ಹಾಗಾಗಿ ಈ ವಿಡಿಯೋದಲ್ಲಿ ಅಂಚಿನ ಬಗ್ಗೆಯೇ ಜಾಸ್ತಿ ಮಾತಾಡುತ್ತೇನೆ.

[ತೆರೆಯ ಮೇಲೆ: ರಷ್ಯಾದ ನಕ್ಷೆ. ಸೇಂಟ್ ಪೀಟರ್ಸ್‌ಬರ್ಗ್, ತ್ವೇರ್ ಪ್ರಾಂತ್ಯ.]

ಬಿಲಿಬಿನ್ ಹುಟ್ಟಿದ್ದು 1876ರಲ್ಲಿ, ಸೇಂಟ್ ಪೀಟರ್ಸ್‌ಬರ್ಗ್ ಹತ್ತಿರದ ತಾರ್ಖೊವ್ಕಾದಲ್ಲಿ. ತಂದೆ ನೌಕಾಪಡೆಯ ವೈದ್ಯರು. ಮಗ ಸೇರಿದ್ದು ವಿಶ್ವವಿದ್ಯಾಲಯದ ಕಾನೂನು ವಿಭಾಗಕ್ಕೆ. ಅದರ ಜೊತೆಗೇ ಚಿತ್ರಕಲೆ. 1898ರಲ್ಲಿ ಮ್ಯೂನಿಕ್‌ಗೆ ಹೋಗಿ ಆಂಟನ್ ಆಝ್ಬೆ ಅವರ ಶಾಲೆಯಲ್ಲಿ ಸ್ವಲ್ಪ ಕಾಲ ಕಲಿತರು. ವಾಪಸ್ ಬಂದು ರಷ್ಯಾದ ಹೆಸರಾಂತ ಚಿತ್ರಕಾರ ಇಲ್ಯಾ ರೇಪಿನ್ ಅವರ ಬಳಿ ಕಲಿತರು.

1899ರಲ್ಲಿ ಎರಡು ಘಟನೆ. ಒಂದು, ವಿಕ್ಟರ್ ವಾಸ್ನೆತ್ಸೊವ್ ಅವರ ಚಿತ್ರ ಪ್ರದರ್ಶನ. ಹಳೆಯ ಕಥನಗೀತೆಗಳ ಮೂವರು ವೀರರು ಕುದುರೆ ಏರಿ ನಿಂತ ದೊಡ್ಡ ಚಿತ್ರ ಅಲ್ಲಿತ್ತು. ಅದು ಬಿಲಿಬಿನ್ ಅವರನ್ನು ಅಲುಗಾಡಿಸಿಬಿಟ್ಟಿತು. ಎರಡನೆಯದು, ಆ ಬೇಸಿಗೆಯಲ್ಲಿ ಅವರು ತ್ವೇರ್ ಪ್ರಾಂತ್ಯದ ಯೆಗ್ನಿ ಅನ್ನುವ ಹಳ್ಳಿಗೆ ಹೋದರು. ದಟ್ಟ ಕಾಡು, ಮರದ ಮನೆಗಳು. ಪ್ರದರ್ಶನದಲ್ಲಿ ನೋಡಿ ಬಂದ ಹಳೆಯ ಕಾಲ ಇಲ್ಲಿ ಇನ್ನೂ ಉಸಿರಾಡುತ್ತಿತ್ತು. ಅಲ್ಲೇ ಕೂತು ಕಥೆಗಳಿಗೆ ಚಿತ್ರ ಬರೆಯಲು ಶುರು ಮಾಡಿದರು.

ಕಥೆಗಳು ಎಲ್ಲಿಂದ ಬಂದವು? ಅಲೆಕ್ಸಾಂದರ್ ಅಫನಾಸ್ಯೆವ್ ಅನ್ನುವವರು 1855ರಿಂದ 1863ರ ನಡುವೆ ಸುಮಾರು 600 ಜನಪದ ಕಥೆಗಳನ್ನು ಒಟ್ಟುಮಾಡಿ ಅಚ್ಚು ಹಾಕಿಸಿದ್ದರು. ಬಿಲಿಬಿನ್ ಅವರ ಕೈಗೆ ಸಿಕ್ಕಿದ್ದು ಆ ಕಣಜ. ವಸಿಲಿಸಾ ಅನ್ನುವ ಹುಡುಗಿ, ಕಪ್ಪೆ ರಾಜಕುಮಾರಿ, ಬೆಂಕಿ ಹಕ್ಕಿ, ಬೂದು ತೋಳ ಎಲ್ಲ ಅದರಲ್ಲಿದ್ದರು.

[ತೆರೆಯ ಮೇಲೆ: ಪುಸ್ತಕದ ಪುಟಗಳು ಒಂದೊಂದಾಗಿ.]

ಈಗ ನನಗೆ ತುಂಬಾ ಇಷ್ಟವಾದ ಸಂಗತಿ. ಈ ಚಿತ್ರಗಳನ್ನು ಪುಸ್ತಕ ಮಾಡಲು ಮುಂದೆ ಬಂದದ್ದು ನೋಟು ಅಚ್ಚು ಹಾಕುವ ಸರ್ಕಾರಿ ಮುದ್ರಣಾಲಯ! ರಷ್ಯಾದಲ್ಲಿ ನೋಟು, ಸರ್ಕಾರಿ ಪತ್ರಗಳನ್ನು ಮುದ್ರಿಸುತ್ತಿದ್ದ ಸಂಸ್ಥೆ ಅದು. ಅಲ್ಲಿದ್ದವರು ಸೂಕ್ಷ್ಮ ಗೆರೆಯ ಕೆಲಸದಲ್ಲಿ ಪಳಗಿದವರು. 1901ರಿಂದ 1903ರವರೆಗೆ ಅವರು ಬಿಲಿಬಿನ್ ಅವರ ಚಿತ್ರಗಳಿರುವ ಆರು ಕಥೆಗಳನ್ನು ಹೊರತಂದರು. ತೆಳ್ಳನೆಯ, ದೊಡ್ಡ ಗಾತ್ರದ ಪುಸ್ತಕಗಳು.

ಇವು ಅಚ್ಚಾದದ್ದು ಬಣ್ಣದ ಕಲ್ಲಚ್ಚಿನಲ್ಲಿ, ಅಂದರೆ ಕಲ್ಲಿನ ಮೇಲೆ ಚಿತ್ರ ಇಳಿಸಿ ಕಾಗದಕ್ಕೆ ಒತ್ತುವ ಬಗೆಯಲ್ಲಿ. ಅದರಲ್ಲಿ ಒಂದೊಂದು ಬಣ್ಣಕ್ಕೂ ಬೇರೆ ಬೇರೆ ಅಚ್ಚು. ಒಂದರ ಮೇಲೊಂದು ಸರಿಯಾಗಿ ಕೂರಬೇಕು. ಬಣ್ಣ ಮೆಲ್ಲಗೆ ಕರಗುತ್ತಾ ಇನ್ನೊಂದಕ್ಕೆ ಸೇರುವಂಥ ಚಿತ್ರವನ್ನು ಹೀಗೆ ಅಚ್ಚು ಹಾಕುವುದು ಕಷ್ಟ. ಬಿಲಿಬಿನ್ ಅವರ ಚಿತ್ರ ನೋಡಿ. ಸುತ್ತ ಗಟ್ಟಿ ಕಪ್ಪು ಗೆರೆ. ಒಳಗೆ ಒಂದೇ ಮಟ್ಟದ, ಚಪ್ಪಟೆ ಬಣ್ಣ. ಅವರ ಶೈಲಿಯೂ ಮುದ್ರಣದ ಕೆಲಸವೂ ಒಂದಕ್ಕೊಂದು ಹೇಳಿ ಮಾಡಿಸಿದ ಹಾಗಿವೆ. ಪುಸ್ತಕಕ್ಕೆ ಚಿತ್ರ ಬರೆಯುವವರು ಅಚ್ಚಿನ ಬಗ್ಗೆ ಎಷ್ಟು ಯೋಚಿಸಬೇಕು ಅನ್ನುವುದು ಇಲ್ಲಿ ಕಾಣುತ್ತದೆ.

[ತೆರೆಯ ಮೇಲೆ: ಕುಂಚದ ತುದಿ, ಹತ್ತಿರದಿಂದ.]

ಆ ಗೆರೆ ಎಳೆಯುತ್ತಿದ್ದ ಬಗೆ ಹೇಳಲೇಬೇಕು. ಮೊದಲು ಪೆನ್ಸಿಲ್‌ನಲ್ಲಿ ಕರಡು. ಅದನ್ನು ತಿದ್ದಿ ತಿದ್ದಿ ಪಾರದರ್ಶಕ ಕಾಗದಕ್ಕೆ ಇಳಿಸುತ್ತಿದ್ದರು. ಅಲ್ಲಿಂದ ದಪ್ಪನೆಯ ವಾಟ್‌ಮನ್ ಕಾಗದಕ್ಕೆ. ಆಮೇಲೆ ಇಂಕಿನಲ್ಲಿ ಹೊರಗೆರೆ. ಆ ಗೆರೆ ಪೆನ್ನಿನದಲ್ಲ, ಕುಂಚದ್ದು. ಕೊಲಿನ್ಸ್ಕಿ ಅನ್ನುವ ಪ್ರಾಣಿಯ ಕೂದಲಿನ ಕುಂಚ ತೆಗೆದುಕೊಂಡು, ಅದರ ತುದಿಯನ್ನು ಉಳಿಯ ಬಾಯಿಯ ಹಾಗೆ ಓರೆಯಾಗಿ ಕತ್ತರಿಸಿಕೊಳ್ಳುತ್ತಿದ್ದರು. ಕೊನೆಗೆ ಜಲವರ್ಣ ತುಂಬುವುದು.

ಈ ವಿಡಿಯೋಗಾಗಿ ನಾನೂ ಒಂದು ಸಂಜೆ ಕುಂಚದ ತುದಿ ಕತ್ತರಿಸಿಕೊಂಡು ಕೂತೆ. ಒಂದು ಗೇಣಿನಷ್ಟು ಉದ್ದದ ಗೆರೆ, ಮೊದಲಿಂದ ಕೊನೆಯವರೆಗೆ ಒಂದೇ ದಪ್ಪ ಇರಬೇಕು ಅಂತ. ಉಸಿರು ಬಿಗಿಹಿಡಿದರೆ ಕೈ ನಡುಗುತ್ತದೆ. ನಿಧಾನ ಮಾಡಿದರೆ ಇಂಕು ನಿಂತಲ್ಲೇ ಹರಡುತ್ತದೆ. ಕೈ ಒಂದೇ ವೇಗದಲ್ಲಿ ಓಡಬೇಕು, ಮನಸ್ಸು ಹಿಂದೆ ಉಳಿಯಬಾರದು. ಅವರನ್ನು ಜೊತೆಯವರು ‘ಕಬ್ಬಿಣದ ಕೈಯ ಇವಾನ್’ ಅಂತ ಕರೆಯುತ್ತಿದ್ದರಂತೆ. ಯಾಕೆ ಅಂತ ಆ ಸಂಜೆ ಗೊತ್ತಾಯಿತು.

[ತೆರೆಯ ಮೇಲೆ: ಕಸೂತಿ ಹಾಕಿದ ಬಟ್ಟೆ, ಕೆತ್ತಿದ ಕಿಟಕಿ ಚೌಕಟ್ಟು, ಮರದ ಚರ್ಚು.]

ಈಗ ಅಂಚಿಗೆ ಬರೋಣ.

ಸೀರೆಯ ಅಂಚು ನೋಡಿಯೇ ಇದು ಯಾವ ಕಡೆಯ ನೇಯ್ಗೆ ಅಂತ ಹೇಳುವ ಹಿರಿಯರನ್ನು ನೀವು ನೋಡಿರುತ್ತೀರಿ. ಬಿಲಿಬಿನ್ ಅವರ ಚಿತ್ರದ ಅಂಚೂ ಹಾಗೆಯೇ, ಕಥೆ ಯಾವ ನೆಲದ್ದು ಅಂತ ಹೇಳುತ್ತದೆ. ಕೆಲವು ಕಡೆ ಕಾಡಿನ ಗಿಡ, ಹಕ್ಕಿ. ಕೆಲವು ಕಡೆ ಬಟ್ಟೆಯ ಕಸೂತಿ, ಮರದ ಕೆತ್ತನೆಯ ವಿನ್ಯಾಸ.

ಇವನ್ನು ಅವರು ಹುಡುಕಿಕೊಂಡು ಹೋದರು. 1902ರಿಂದ 1904ರವರೆಗೆ ರಷ್ಯನ್ ಮ್ಯೂಸಿಯಂನ ಜನಾಂಗ ಅಧ್ಯಯನ ವಿಭಾಗಕ್ಕಾಗಿ ಉತ್ತರದ ವೊಲೊಗ್ದಾ, ಅರ್ಖಾಂಗೆಲ್ಸ್ಕ್, ಒಲೊನೆತ್ಸ್ ಪ್ರಾಂತ್ಯಗಳನ್ನು ಸುತ್ತಿದರು. ಮರದ ಚರ್ಚುಗಳ, ಮನೆಗಳ ಫೋಟೋ ತೆಗೆದರು. ಹಳ್ಳಿಯ ಹೆಂಗಸರು ಕಸೂತಿ ಹಾಕಿದ ಬಟ್ಟೆ, ಹಳೆಯ ಉಡುಪು, ಕೆತ್ತಿದ ಪಾತ್ರೆ-ಪಡಗ ಸಂಗ್ರಹಿಸಿದರು. 1904ರಲ್ಲಿ ಉತ್ತರದ ಜನಪದ ಕಲೆಯ ಬಗ್ಗೆ ಒಂದು ಲೇಖನ ಬರೆದರು. ಅಮೆರಿಕವನ್ನು ಕಂಡುಹಿಡಿದ ಹಾಗೆ ಹಳೆಯ ರಷ್ಯಾದ ಕಲೆಯನ್ನು ನಾವು ಈಗಷ್ಟೇ ಕಂಡುಹಿಡಿದಿದ್ದೇವೆ, ಧೂಳು ಮೆತ್ತಿಕೊಂಡಿದ್ದರೂ ಅದು ಚೆಲುವಾಗಿಯೇ ಇತ್ತು ಅನ್ನುವುದು ಅವರ ಮಾತಿನ ಸಾರ.

ಯೋಚಿಸಿ ನೋಡಿ. ಕಥೆ ಹೇಳಿದ ಅಜ್ಜಿಯೂ ಕಸೂತಿ ಹಾಕಿದ ಅಜ್ಜಿಯೂ ಒಂದೇ ಊರಿನವರು. ಎಷ್ಟೋ ಸಲ ಒಬ್ಬಳೇ ಇರಬಹುದು. ಅಫನಾಸ್ಯೆವ್ ಪುಸ್ತಕದಲ್ಲಿ ಅವಳ ಬಾಯಿಯ ಕಥೆ ಉಳಿಯಿತು. ಅವಳ ಕೈಯ ಕೆಲಸ ಪೆಟ್ಟಿಗೆಯ ತಳದಲ್ಲೇ ಇತ್ತು. ಬಿಲಿಬಿನ್ ಎರಡನ್ನೂ ಒಂದೇ ಹಾಳೆಯ ಮೇಲೆ ತಂದರು. ಅವರು ಮಾಡಿದ ದೊಡ್ಡ ಕೆಲಸ ಇದೇ ಅಂತ ನಾನು ನಂಬಿದ್ದೇನೆ. ಜನಪದ ಕಥೆಗೆ ಚಿತ್ರ ಬರೆಯಬೇಕು ಅನ್ನುವವರು ಯಾರಾದರೂ ಈ ವಿಡಿಯೋ ನೋಡುತ್ತಿದ್ದರೆ, ಆ ಕಥೆ ಹೇಳಿದ ಜನರ ಬಟ್ಟೆ, ಬಾಗಿಲು, ಪೆಟ್ಟಿಗೆಗಳನ್ನು ದಯವಿಟ್ಟು ಹತ್ತಿರ ಹೋಗಿ ನೋಡಿ.

[ತೆರೆಯ ಮೇಲೆ: ಸಮುದ್ರದ ಮೇಲೆ ಪೀಪಾಯಿ, 1905ರ ಚಿತ್ರ.]

ಹಾಗಂತ ಅವರ ಕಣ್ಣು ತಮ್ಮ ನಾಡಿನ ಗಡಿಯಲ್ಲೇ ನಿಲ್ಲಲಿಲ್ಲ. ಕವಿ ಪುಷ್ಕಿನ್ ಬರೆದ ತ್ಸಾರ್ ಸಾಲ್ತಾನ್ ಅನ್ನುವ ರಾಜನ ಕಥೆಗೆ 1905ರಲ್ಲಿ ಚಿತ್ರ ಮಾಡಿದರು. ರಾಣಿಯನ್ನೂ ಕೂಸನ್ನೂ ಪೀಪಾಯಿಯಲ್ಲಿ ತುಂಬಿ ಸಮುದ್ರಕ್ಕೆ ಎಸೆಯುವ ಪ್ರಸಂಗ ಬರುತ್ತದಲ್ಲ, ಆ ಅಲೆ ನೋಡಿ. ನೊರೆಯ ಬೆರಳುಗಳು. ಜಪಾನಿನ ಕಲಾವಿದ ಹೊಕುಸಾಯ್ ಅವರ ಪ್ರಸಿದ್ಧ ಅಲೆಯ ಚಿತ್ರ ತಕ್ಷಣ ನೆನಪಾಗುತ್ತದೆ.

[ತೆರೆಯ ಮೇಲೆ: ಕತ್ತೆಯ ಚಿತ್ರ, ಸುತ್ತ ಭಾರಿ ಅಲಂಕಾರದ ಚೌಕಟ್ಟು.]

1905 ರಷ್ಯಾದಲ್ಲಿ ಕ್ರಾಂತಿಯ ವರ್ಷ. ‘ಝೂಪೆಲ್’ ಅನ್ನುವ ವಿಡಂಬನೆಯ ಪತ್ರಿಕೆಗೆ ಬಿಲಿಬಿನ್ ಒಂದು ಕತ್ತೆಯ ಚಿತ್ರ ಕೊಟ್ಟರು. ಪ್ರಾಣಿಶಾಸ್ತ್ರದ ಪುಸ್ತಕದಲ್ಲಿ ಇರುವಂಥ ಸಾದಾ ಕತ್ತೆ. ಅದರಲ್ಲಿ ತಪ್ಪು ಹುಡುಕಲು ಏನೂ ಇಲ್ಲ. ಆದರೆ ಸುತ್ತಲಿನ ಅಂಚು? ರಾಜಲಾಂಛನಗಳಿಂದ ತುಂಬಿದ, ಚಕ್ರವರ್ತಿಯ ಭಾವಚಿತ್ರಕ್ಕೆ ಹಾಕುವಂಥ ಚೌಕಟ್ಟು. ನೋಡಿದವರಿಗೆ ಬೇರೆ ವಿವರಣೆ ಬೇಕಾಗಲಿಲ್ಲ. ಪತ್ರಿಕೆ ಮೂರನೇ ಸಂಚಿಕೆಗೇ ಮುಚ್ಚಿಹೋಯಿತು. ಬಿಲಿಬಿನ್ ಅವರನ್ನು ಸ್ವಲ್ಪ ಕಾಲ ಬಂಧಿಸಿಯೂ ಇಟ್ಟರು. ಮಕ್ಕಳ ಪುಸ್ತಕದಲ್ಲಿ ಕಲಿತ ಅಂಚಿನ ಭಾಷೆ ಸಿಂಹಾಸನದವರೆಗೂ ಕೇಳಿಸಿತು.

1909ರಲ್ಲಿ ಸಂಗೀತ ಸಂಯೋಜಕ ರಿಮ್ಸ್ಕಿ-ಕೊರ್ಸಕೊವ್ ಅವರ ‘ಬಂಗಾರದ ಹುಂಜ’ ಗೀತನಾಟಕಕ್ಕೆ ರಂಗಸಜ್ಜಿಕೆ ಮಾಡಿದರು. 1917ರಲ್ಲಿ ಚಕ್ರವರ್ತಿ ಇಳಿದ ಮೇಲೆ ಬಂದ ತಾತ್ಕಾಲಿಕ ಸರ್ಕಾರಕ್ಕೆ ಎರಡು ತಲೆಯ ಹದ್ದಿನ ಲಾಂಛನ ಬರೆದುಕೊಟ್ಟರು. ಕಿರೀಟವಿಲ್ಲದ, ರೆಕ್ಕೆ ಇಳಿಬಿಟ್ಟ ಹದ್ದು. ಆ ಸರ್ಕಾರ ಕೆಲವೇ ತಿಂಗಳಲ್ಲಿ ಹೋಯಿತು, ಹದ್ದು ಹೋಗಲಿಲ್ಲ. ಸೋವಿಯತ್ ಒಕ್ಕೂಟ ಒಡೆದ ಮೇಲೆ, 1992ರಿಂದ ರಷ್ಯಾದ ನಾಣ್ಯಗಳ ಮೇಲೆ ಅದೇ ಹದ್ದು ಬಂತು. 2016ರಲ್ಲಿ ಅದರ ಜಾಗಕ್ಕೆ ದೇಶದ ಅಧಿಕೃತ ಲಾಂಛನ ಬರುವವರೆಗೂ ಇತ್ತು. ನಿಮ್ಮಲ್ಲಿ ಯಾರಾದರೂ ನಾಣ್ಯ ಕೂಡಿಡುವವರಿದ್ದರೆ ತೆಗೆದು ನೋಡಿ.

[ತೆರೆಯ ಮೇಲೆ: ನಕ್ಷೆ. ನೊವೊರೊಸಿಸ್ಕ್, ಕೈರೊ, ಅಲೆಕ್ಸಾಂಡ್ರಿಯಾ, ಪ್ಯಾರಿಸ್.]

1920ರಲ್ಲಿ, ಅಂತರ್ಯುದ್ಧದ ನಡುವೆ, ಬಿಲಿಬಿನ್ ನೊವೊರೊಸಿಸ್ಕ್ ಬಂದರಿನಿಂದ ದೇಶ ಬಿಟ್ಟರು. ಈಜಿಪ್ಟಿಗೆ ಹೋದರು. ಕೈರೊದಲ್ಲಿ, ಆಮೇಲೆ ಅಲೆಕ್ಸಾಂಡ್ರಿಯಾದಲ್ಲಿ ಇದ್ದರು. 1923ರಲ್ಲಿ ಕಲಾವಿದೆ ಅಲೆಕ್ಸಾಂದ್ರಾ ಶ್ಚೆಕಾತಿಖಿನಾ-ಪೊತೊತ್ಸ್ಕಾಯಾ ಅವರನ್ನು ಮದುವೆಯಾದರು. 1925ರಿಂದ ಪ್ಯಾರಿಸ್. ಅಲ್ಲೂ ಪುಸ್ತಕಗಳಿಗೆ ಚಿತ್ರ, ರಂಗಭೂಮಿಗೆ ವಿನ್ಯಾಸ. ಕೆಲಸಕ್ಕೆ ಕೊರತೆ ಇರಲಿಲ್ಲ. ಆದರೆ ಕಾಡು ಬೇರೆ, ಭಾಷೆ ಬೇರೆ. 1936ರಲ್ಲಿ ವಾಪಸ್ ಹೊರಟರು. ಪೀಟರ್ಸ್‌ಬರ್ಗ್ ಆಗ ಲೆನಿನ್‌ಗ್ರಾಡ್ ಆಗಿತ್ತು. ಅಲ್ಲಿನ ಕಲಾ ಅಕಾಡೆಮಿಯಲ್ಲಿ ಪಾಠ ಮಾಡತೊಡಗಿದರು.

[ಸಂಗೀತ ನಿಲ್ಲುತ್ತದೆ.]

1941ರ ಸೆಪ್ಟೆಂಬರಿನಲ್ಲಿ ಜರ್ಮನ್ ಸೈನ್ಯ ಲೆನಿನ್‌ಗ್ರಾಡನ್ನು ಸುತ್ತುವರಿಯಿತು. ಆಹಾರ ಬರುವ ದಾರಿ ಮುಚ್ಚಿತು. ಬಿಲಿಬಿನ್ ಊರು ಬಿಟ್ಟು ಹೋಗಲಿಲ್ಲ. ಬಾಂಬು ಬೀಳುತ್ತಿದ್ದ ಆ ಚಳಿಗಾಲದಲ್ಲಿ ಕಲಾ ಅಕಾಡೆಮಿಯ ನೆಲಮಾಳಿಗೆಯಲ್ಲಿ ಉಳಿದಿದ್ದರು. 65 ವರ್ಷದ ಮನುಷ್ಯ. 1942ರ ಫೆಬ್ರವರಿ 7ರಂದು ತೀರಿಕೊಂಡರು. ಅಕಾಡೆಮಿಯ ಇತರ ಪ್ರಾಧ್ಯಾಪಕರ ಜೊತೆ ಒಂದೇ ಗುಂಡಿಯಲ್ಲಿ ಮಣ್ಣು ಮಾಡಿದರು.

ಅವರ ಕೊನೆಯ ಕೆಲಸಗಳಲ್ಲಿ ಒಂದು ಇದು. ಡ್ಯೂಕ್ ಸ್ತೆಪನೊವಿಚ್ ಅನ್ನುವ ವೀರನ ಕಥನಗೀತೆಗೆ 1941ರಲ್ಲಿ ಮಾಡಿದ್ದು. ಹತ್ತಿರ ಬಂದು ಗೆರೆ ನೋಡಿ.

[ತೆರೆಯ ಮೇಲೆ: ಆ ಚಿತ್ರ. ಇಪ್ಪತ್ತು ಸೆಕೆಂಡು. ಮಾತಿಲ್ಲ.]